ರಾತ್ರಿ ಎರಡೂವರೆಗೆ ಜೈಲ್ ಲಿಸ್ಟು: ಕೌಂಟಿ ಸೈಟಿಗೆ ಐದು ಸ್ಟಾರ್, ಒಂದು ಡಾಲರ್ ಸೈಟಿಗೆ ಸೊನ್ನೆ

ಇದಕ್ಕೂ ರಿವ್ಯೂ ಬರೀತಾರಾ ಅಂತ ನಗಬೇಡಿ. ಅಮೆರಿಕದಲ್ಲಿ ಎಲ್ಲಿ ಒಳ್ಳೆ ದೋಸೆ ಸಿಗುತ್ತೆ ಅಂತ ಕನ್ನಡದಲ್ಲಿ ಬರೆದೋರು ಬೇಕಾದಷ್ಟು ಜನ ಇದ್ದಾರೆ, ಜೈಲಲ್ಲಿ ಯಾರಿದ್ದಾರೆ ಅಂತ ಹುಡುಕೋದು ಹೇಗೆ ಅಂತ ನಂಗೆ ಬೇಕಾದಾಗ ಒಂದು ಸಾಲೂ ಸಿಗಲಿಲ್ಲ.

ನಾವಿರೋದು ಟೆಕ್ಸಾಸ್‌ನ ಫ್ರಿಸ್ಕೋದಲ್ಲಿ, ಡಲ್ಲಾಸ್ ಹತ್ರ. ಒಂದು ಶನಿವಾರ ರಾತ್ರಿ, ಅಂದ್ರೆ ಭಾನುವಾರ ಬೆಳಗಿನ ಜಾವ ಎರಡೂವರೆ, ಫೋನು. ಪರಿಚಯದ ಹುಡುಗನ ರೂಮ್‌ಮೇಟ್. "ಅಣ್ಣ, ಪಾರ್ಟಿಗೆ ಹೋದೋನು ಇನ್ನೂ ಬಂದಿಲ್ಲ, ಫೋನ್ ಸ್ವಿಚ್ ಆಫ್ ಬರ್ತಿದೆ." ಹುಡುಗ ಹಾಸನದ ಕಡೆಯವನು, ಎಚ್‌ಒನ್‌ಬಿ ಅನ್ನೋ ಕೆಲಸದ ವೀಸಾ ಮೇಲೆ ಬಂದು ಎರಡು ವರ್ಷ ಆಗಿತ್ತು ಅಷ್ಟೆ. ಮೊದಲು ಆಸ್ಪತ್ರೆಗಳಿಗೆ ಫೋನ್ ಮಾಡಿದ್ವಿ. ಅಲ್ಲೆಲ್ಲೂ ಇಲ್ಲ ಅಂದಾಗ ಸಮಾಧಾನ ಆಯ್ತಾ ಭಯ ಆಯ್ತಾ ಈಗ ನೆನಪಿಲ್ಲ. ಆಮೇಲೆ ರೂಮ್‌ಮೇಟೇ ಮೆಲ್ಲಗೆ ಅಂದ, "ಅಣ್ಣ, ಸ್ವಲ್ಪ ಕುಡ್ದಿದ್ದ."

ಆಗ ಗೂಗಲ್‌ನಲ್ಲಿ ಅವನ ಹೆಸರು, ಇನ್ಮೇಟ್ ಸರ್ಚ್ (ಕೈದಿ ಹುಡುಕಾಟ), ಕೌಂಟಿ (ನಮ್ಮ ಜಿಲ್ಲೆ ಥರ) ಅಂತೆಲ್ಲ ಹೊಡೆದೆ. ಮೊದಲು ಬಂದಿದ್ದು ಒಂದು ಪ್ರೈವೇಟ್ ಸೈಟು. ಹೆಸರು ಹೇಳಲ್ಲ, ಒಂದೇ ಥರದವು ಹತ್ತಾರು ಇವೆ. ನೋಡೋಕೆ ಸರ್ಕಾರಿ ಸೈಟ್ ಥರಾನೇ, ಮೇಲೊಂದು ಲಾಂಛನ, ನೀಲಿ ಬಣ್ಣ. ಹೆಸರು ಹಾಕಿದ ತಕ್ಷಣ ಒಂದು ಪಟ್ಟಿ ಓಡೋಕೆ ಶುರು, ಅರೆಸ್ಟ್ ರೆಕಾರ್ಡ್ ಹುಡುಕ್ತಿದೀವಿ, ಕೋರ್ಟ್ ರೆಕಾರ್ಡ್ ಹುಡುಕ್ತಿದೀವಿ, ನೀವು ನೋಡೋದು ನಿಮಗೆ ಆಘಾತ ತರಬಹುದು ರೆಡಿನಾ ಅಂತ. ರಾತ್ರಿ ಮೂರು ಗಂಟೆಗೆ ನಡುಗೋ ಕೈಯಲ್ಲಿ ಫೋನ್ ಹಿಡ್ಕೊಂಡಿರೋನಿಗೆ ಈ ಥರ ಕೇಳೋರ್ನ ಏನನ್ಬೇಕು ಹೇಳಿ. ಪಟ್ಟಿ ಹತ್ತು ನಿಮಿಷ ಓಡಿ, ಕೊನೆಗೆ ಒಂದು ಡಾಲರ್ ಟ್ರಯಲ್ ಅಂತು. ಕಾರ್ಡ್ ನಂಬರ್ ಕೊಟ್ಟೆ. ಸಿಕ್ಕಿದ್ದೇನು ಗೊತ್ತಾ? ಅದೇ ಹೆಸರಿನ, ಐವತ್ತೆಂಟು ವರ್ಷದ, ಬೇರೆ ಯಾವುದೋ ರಾಜ್ಯದಲ್ಲಿರೋ ಒಬ್ಬರ ಹಳೇ ಮನೆ ವಿಳಾಸ. ಪಾಪ ಯಾರೋ ಏನೋ.

ಇಷ್ಟೊತ್ತಿಗೆ ನಮ್ಮ ಮನೆಯವಳು ಎದ್ದು ಬಂದು, "ರೀ, ಇಲ್ಲಿ ಜೈಲು ನಡ್ಸೋದು ಶೆರಿಫ್ ಅಲ್ವಾ, ಅವರ ಸೈಟೇ ನೋಡ್ಬಾರ್ದಾ" ಅಂದ್ಲು. ಸರಿಯಾದ ಮಾತು, ಶೆರಿಫ್ ಅಂದ್ರೆ ಕೌಂಟಿಯ ಪೊಲೀಸ್ ಮುಖ್ಯಸ್ಥ. ಇಲ್ಲಿ ಹೊಸದಾಗಿ ಬಂದೋರಿಗೆ ಹೇಳ್ತೀನಿ, ಜೈಲ್ ಬೇರೆ ಪ್ರಿಸನ್ ಬೇರೆ. ಅರೆಸ್ಟ್ ಆಗಿ ಕೇಸಿಗೆ ಕಾಯ್ತಿರೋರು, ಸಣ್ಣ ಶಿಕ್ಷೆಯವರು ಇರೋದು ಕೌಂಟಿ ಜೈಲಲ್ಲಿ, ಅದು ಸಾಮಾನ್ಯವಾಗಿ ಶೆರಿಫ್ ಕೈಲಿರುತ್ತೆ. ದೊಡ್ಡ ಶಿಕ್ಷೆ ಆದೋರು ರಾಜ್ಯದ ಪ್ರಿಸನ್‌ಗೆ ಹೋಗ್ತಾರೆ, ಅದಕ್ಕೆ ರಾಜ್ಯದ್ದೇ ಬೇರೆ ಸರ್ಚ್. ಫೆಡರಲ್ ಆದ್ರೆ ಬ್ಯೂರೋ ಆಫ್ ಪ್ರಿಸನ್ಸ್ ಸೈಟು, ಅದರಲ್ಲಿ 1982ರಿಂದೀಚೆಗಿನ ಹೆಸರೆಲ್ಲ ಸಿಗುತ್ತೆ. ಇಮಿಗ್ರೇಷನ್‌ನೋರು, ಅದೇ ಐಸ್, ಹಿಡಿದಿದ್ರೆ ಅದಕ್ಕೂ ಇನ್ನೊಂದು ಲೊಕೇಟರ್ ಇದೆ, ಅಲ್ಲಿ ಏಲಿಯನ್ ನಂಬರ್ (ಇಮಿಗ್ರೇಷನ್‌ನೋರು ವಿದೇಶಿಯರಿಗೆ ಕೊಡೋ ನಂಬರ್) ಜೊತೆ ಹುಟ್ಟಿದ ದೇಶ ಹಾಕ್ಬೇಕು, ನಂಬರ್ ಗೊತ್ತಿಲ್ಲಾಂದ್ರೆ ಹೆಸರು, ಹುಟ್ಟಿದ ತಾರೀಕು, ದೇಶ. ಎಲ್ಲಾ ಫ್ರೀ. ಇಡೀ ದೇಶದ ಜೈಲಿಗೆಲ್ಲ ಒಂದೇ ಸರ್ಕಾರಿ ಸರ್ಚ್ ಅನ್ನೋದು ಇಲ್ಲವೇ ಇಲ್ಲ, ಆ ಪ್ರೈವೇಟ್ ಸೈಟ್‌ಗಳು ಹೊಟ್ಟೆ ಹೊರ್ಕೊಳ್ಳೋದೇ ಇದರಿಂದ.

ಸರಿ ಯಾವ ಕೌಂಟಿ? ಟೆಕ್ಸಾಸ್ ಒಂದ್ರಲ್ಲೇ 254 ಕೌಂಟಿ ಇದೆ. ನಮ್ಮ ಫ್ರಿಸ್ಕೋದ ತಮಾಷೆ ಏನಂದ್ರೆ ಊರೇ ಎರಡು ಕೌಂಟಿಗೆ ಸೇರಿದೆ, ಒಂದು ಕಡೆ ಕಾಲಿನ್, ಇನ್ನೊಂದು ಕಡೆ ಡೆಂಟನ್. ಕಾಲಿನ್ ಜೈಲ್ ಮೆಕಿನಿಯಲ್ಲಿ, ಡೆಂಟನ್ ಜೈಲ್ ಡೆಂಟನ್ ಊರಲ್ಲೇ. ಸ್ವಲ್ಪ ಕೆಳಗೆ ಹೋಗಿ ಡಲ್ಲಾಸ್ ಕೌಂಟಿಯಲ್ಲಿ ಸಿಕ್ಕಿದ್ರೆ ಲೂ ಸ್ಟೆರೆಟ್ ಅನ್ನೋ ಜೈಲು. ಹುಡುಗ ಯಾವ ರೋಡಲ್ಲಿ ಬಂದ ಅನ್ನೋದರ ಮೇಲೆ ಮೂರರಲ್ಲಿ ಯಾವುದೂ ಆಗಬಹುದು. ಹಾಗಾಗಿ ಮೂರನ್ನೂ ಮೂರು ಟ್ಯಾಬಲ್ಲಿ ತೆಗೆದು ಕೂತ್ವಿ, ಅವನು ಕೊನೆಗೆ ಯಾವುದರಲ್ಲಿ ಸಿಕ್ಕಿದ ಅಂತ ಇಲ್ಲಿ ಬರಿಯಲ್ಲ, ಮರ್ಯಾದೆ ಅವನದು.

ಈ ಕೌಂಟಿ ಪೇಜ್‌ಗಳು ನೋಡೋಕೆ ಏನೂ ಇಲ್ಲ. ಹಳೇ ರೈಲ್ವೆ ರಿಸರ್ವೇಷನ್ ಫಾರಂ ಥರ. ಲಾಸ್ಟ್ ನೇಮ್, ಫಸ್ಟ್ ನೇಮ್, ಒಂದು ಬಟನ್, ಮುಗೀತು. ಆದ್ರೆ ಓಡೋ ಪಟ್ಟಿ ಇಲ್ಲ, ಹೆದರ್ಸೋದಿಲ್ಲ, ಕಾರ್ಡ್ ಕೇಳಲ್ಲ. ನನ್ನ ಐದು ಸ್ಟಾರು ಇದಕ್ಕೇ.

ತೊಂದರೆ ಆಗಿದ್ದು ನಮ್ಮ ಹೆಸರುಗಳಿಂದ. ಅವನನ್ನ ಎಲ್ಲರೂ ಕರೆಯೋದು ಮನೆ ಹೆಸರಲ್ಲಿ. ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗದಲ್ಲಿ ಇರೋದು ಅಪ್ಪನ ಹೆಸರು, ಅದನ್ನ ವಿಶ್ವನಾಥ ಅಂತಿಟ್ಕೊಳ್ಳಿ. ಇಂಗ್ಲಿಷಲ್ಲಿ ಎರಡನೇ ವ ವಿ ನಾ ಡಬ್ಲ್ಯೂ ನಾ, ಎಸ್ ಆದ್ಮೇಲೆ ಎಚ್ ಇದೆಯಾ, ಕೊನೆಗೆ ಒಂದು ಎ ಇದೆಯಾ? ಕೆಲವು ಪೇಜಲ್ಲಿ ಸೌಂಡೆಕ್ಸ್ ಅಂತ ಒಂದು ಟಿಕ್ ಬಾಕ್ಸ್ ಇರುತ್ತೆ, ಉಚ್ಚಾರಣೆ ಹತ್ರ ಇರೋ ಹೆಸರೆಲ್ಲ ಹುಡುಕಿಕೊಡುತ್ತೆ. ನಾನು ಸಾಫ್ಟ್‌ವೇರ್‌ನೋನು ಆಗಿದ್ರಿಂದ ಇದೊಂದು ಗೊತ್ತಿತ್ತು. 1918ರಲ್ಲಿ ಪೇಟೆಂಟ್ ಆದ ವಿಧಾನ ಇದು. ಮೊದಲ ಅಕ್ಷರ ಹಾಗೇ ಇಟ್ಕೊಂಡು, ಸ್ವರಗಳನ್ನೂ ಎಚ್, ಡಬ್ಲ್ಯೂಗಳನ್ನೂ ಬಿಟ್ಟು, ಉಳಿದ ವ್ಯಂಜನಕ್ಕೆ ನಂಬರ್ ಕೊಟ್ಟು ಒಟ್ಟು ನಾಲ್ಕಕ್ಕೆ ನಿಲ್ಲಿಸುತ್ತೆ. ಮಂಜುನಾಥ್ ಅಂದ್ರೂ ಮಂಜುನಾಥ ಅಂದ್ರೂ ಎಮ್ 525, ಸಿಗ್ತಾನೆ. ಆದ್ರೆ ವಿಶ್ವನಾಥ ಮಾತ್ರ ಕೈ ಕೊಡ್ತಾನೆ, ಮಧ್ಯದ್ದು ಡಬ್ಲ್ಯೂ ಆದ್ರೆ ವಿ 253, ವಿ ಆದ್ರೆ ವಿ 215, ಎರಡೂ ಬೇರೆ ಬೇರೆ ಮನುಷ್ಯರು ಅದರ ಪ್ರಕಾರ. ನಮ್ಮ ವ ಎಲ್ಲಿ, ಅವರ ವಿ ಡಬ್ಲ್ಯೂ ಎಲ್ಲಿ! ಪಾಸ್‌ಪೋರ್ಟಲ್ಲಿ ಸರ್‌ನೇಮೇ ಇಲ್ಲದೋರ ಪಾಡು ಇನ್ನೂ ಮಜಾ, ವೀಸಾದಲ್ಲಿ ಫಸ್ಟ್ ನೇಮ್ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಅಂದ್ರೆ ಗೊತ್ತಿಲ್ಲ) ಅಂತ ಬಂದಿರುತ್ತೆ, ಇದ್ದೊಂದು ಹೆಸರು ಲಾಸ್ಟ್ ನೇಮ್ ಆಗಿರುತ್ತೆ. ಅಂಥೋರನ್ನ ಹುಡುಕೋವಾಗ ಹೆಸರು ತಿರುಗಾ ಮುರುಗಾ ಹಾಕಿ ನೋಡಿ.

ಕೊನೆಗೆ ರೂಮ್‌ಮೇಟ್ ಅಪಾರ್ಟ್‌ಮೆಂಟ್ ಲೀಸ್ ಪೇಪರ್ ತೆಗೆದು ಸ್ಪೆಲಿಂಗ್ ಓದಿ ಹೇಳಿದ, ಡಬ್ಲ್ಯೂ. ಹಾಕಿದ್ವಿ, ಇಲ್ಲ. ಆರು ಗಂಟೆಗೆ ಇಲ್ಲ, ಎಂಟಕ್ಕೂ ಇಲ್ಲ. ಅಷ್ಟರಲ್ಲಿ ಗೊತ್ತಾಗಿದ್ದು, ಸಿಟಿ ಪೊಲೀಸ್ ಹಿಡಿದ್ರೆ ಎಷ್ಟೋ ಸಲ ಮೊದಲು ಸಿಟಿಯ ಲಾಕಪ್ಪಲ್ಲೇ ಇಟ್ಕೋತಾರೆ, ಕೌಂಟಿಗೆ ಕಳಿಸಿ, ಬೆರಳಚ್ಚು ಫೋಟೋ ಎಲ್ಲ ಆಗಿ, ಅಂದ್ರೆ ಬುಕ್ಕಿಂಗ್ ಮುಗಿದ ಮೇಲೇ ಹೆಸರು ಏರೋದು. ಟೆಕ್ಸಾಸ್‌ನಲ್ಲಿ 48 ಗಂಟೆ ಒಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸ್ಬೇಕು. ಹೆಸರು ಕಾಣ್ತಿಲ್ಲ ಅಂದ್ರೆ ಒಳಗಿಲ್ಲ ಅಂತಲ್ಲ, ಸಿಟಿ ಪೊಲೀಸ್‌ನ ನಾನ್ ಎಮರ್ಜೆನ್ಸಿ ನಂಬರಿಗೆ ಫೋನ್ ಮಾಡಿ ಕೇಳಿ, ನಾವು ಇದನ್ನ ಮೊದಲೇ ಮಾಡ್ಬೇಕಿತ್ತು.

ಒಂಬತ್ತೂವರೆಗೆ ಬಂತು. ಹೆಸರು, ಬುಕ್ಕಿಂಗ್ ನಂಬರ್, ಹಿಡಿದ ಪೊಲೀಸ್ ಯಾವ ಊರಿನೋರು, ಚಾರ್ಜ್ ಡಿಡಬ್ಲ್ಯುಐ, ಅಂದ್ರೆ ಕುಡಿದು ಗಾಡಿ ಓಡಿಸಿದ್ದು, ಕೆಳಗೆ ಬಾಂಡ್ ಮೊತ್ತ, ಅಂದ್ರೆ ಜಾಮೀನಿನ ದುಡ್ಡು. ಒಬ್ಬ ಮನುಷ್ಯ ಜೀವಂತ ಇದ್ದಾನೆ ಅಂತ ಇಷ್ಟು ಒಣಕಲು ಭಾಷೇಲಿ ಹೇಳಬಹುದು ಅಂತ ಗೊತ್ತಿರಲಿಲ್ಲ. ಆಮೇಲೆ ತಿಳೀತು, ಅವನು ರಾತ್ರಿನೇ ಜೈಲಿಂದ ಎರಡು ಸಲ ಫೋನ್ ಮಾಡಿದ್ದನಂತೆ, ರೂಮ್‌ಮೇಟ್ ಸ್ಪ್ಯಾಮ್ ಅಂತ ಕಟ್ ಮಾಡಿದ್ದ.

ಬಾಂಡ್ ವಿಷಯ ಚಿಕ್ಕದಾಗಿ. ಪೂರ್ತಿ ದುಡ್ಡು ನೀವೇ ಕಟ್ಟಿದ್ರೆ, ಕೋರ್ಟಿಗೆ ಸರಿಯಾಗಿ ಹಾಜರಾದ್ರೆ ಕೇಸ್ ಮುಗಿದ ಮೇಲೆ ವಾಪಸ್ ಬರುತ್ತೆ. ಶುಲ್ಕ ತಗೊಂಡು ಜಾಮೀನು ನಿಲ್ಲೋ ಬಾಂಡ್ಸ್‌ಮನ್ ಹತ್ರ ಹೋದ್ರೆ ಮೊತ್ತದ ಸುಮಾರು ಶೇ 10 ಕೊಡ್ಬೇಕು, ಅದು ಹೋಗಿದ್ದೇ. ಇನ್ನೊಂದು ಎಚ್ಚರಿಕೆ, ಈ ಬುಕ್ಕಿಂಗ್ ಲಿಸ್ಟ್ ಕಳ್ಳರೂ ಓದ್ತಾರೆ. ಮನೆಯವರಿಗೆ ಫೋನ್ ಮಾಡಿ ಶೆರಿಫ್ ಆಫೀಸಿಂದ ಅಂತ ಹೇಳಿ, ಬೇಲ್ ದುಡ್ಡು ಗಿಫ್ಟ್ ಕಾರ್ಡಲ್ಲಿ ಕಳ್ಸಿ ಅಂತಾರೆ. ಯಾವ ಶೆರಿಫೂ ಗಿಫ್ಟ್ ಕಾರ್ಡ್ ತಗೊಳಲ್ಲ.

ಇಷ್ಟು ಸಲೀಸಾಗಿ ಸಿಗೋದು ನಮಗೆ ವರ ಆಯ್ತು ನಿಜ. ಮಂಗಳವಾರದ ಹೊತ್ತಿಗೆ ಅವನ ಜೈಲ್ ಫೋಟೋ ನಮ್ಮ ಕಡೆಯೋರ ಒಂದು ವಾಟ್ಸಾಪ್ ಗ್ರೂಪಲ್ಲಿ, ಕೆಳಗೆ ನಗೋ ಇಮೋಜಿ. ಹಾಕಿದೋರು ವಯಸ್ಸಲ್ಲಿ ದೊಡ್ಡವರು, ಫೋನ್ ಮಾಡಿ "ಸಾರ್, ಅರೆಸ್ಟ್ ಅಂದ್ರೆ ಶಿಕ್ಷೆ ಅಲ್ಲ ಸಾರ್" ಅಂದ್ರೆ "ಪಬ್ಲಿಕ್ ರೆಕಾರ್ಡಪ್ಪ, ನಾನೇನ್ ಕದ್ದಿದೀನಾ" ಅಂದ್ರು. ಕದ್ದಿಲ್ಲ, ಒಪ್ಕೋತೀನಿ. ಫೋಟೋ ಹಾಕಿ ತೆಗೆಯೋಕೆ ದುಡ್ಡು ಕೇಳೋ ಸೈಟ್‌ಗಳೂ ಇದೇ ಮಾತು ಹೇಳ್ತಿದ್ವು, ಅದಕ್ಕೇ ಟೆಕ್ಸಾಸ್ 2013ರಲ್ಲೇ ಅಂಥ ವಸೂಲಿ ವಿರುದ್ಧ ಕಾನೂನು ಮಾಡ್ತು. ವಾಟ್ಸಾಪ್ ಅಂಕಲ್‌ಗಳಿಗೆ ಇನ್ನೂ ಮಾಡಿಲ್ಲ. ಇನ್ನು ರೂಮ್‌ಮೇಟ್ ಬೇಕು ಅಂತ ಜಾಹೀರಾತು ಹಾಕಿ, ಬಂದೋರ ಹೆಸರನ್ನ ಈ ಪ್ರೈವೇಟ್ ಸೈಟ್‌ಗಳಲ್ಲಿ ತೂರಿಸಿ ನೋಡೋ ಅಭ್ಯಾಸ ನಮ್ಮಲ್ಲಿ ಶುರುವಾಗಿದೆ. ಆ ಸೈಟ್‌ಗಳೇ ತಳದಲ್ಲಿ ಇರುವೆ ಅಕ್ಷರದಲ್ಲಿ ಬರೆದಿರ್ತಾರೆ, ಕೆಲಸಕ್ಕೆ ತಗೊಳೋಕೆ, ಮನೆ ಬಾಡಿಗೆಗೆ ಕೊಡೋಕೆ ಇದನ್ನ ಬಳಸೋ ಹಾಗಿಲ್ಲ ಅಂತ. ಐವತ್ತೆಂಟು ವರ್ಷದ ಆ ಪುಣ್ಯಾತ್ಮನ ರಿಪೋರ್ಟ್ ನೋಡಿ ನಮ್ಮ ಹುಡುಗನಿಗೆ ಯಾರಾದ್ರೂ ರೂಮ್ ಇಲ್ಲ ಅಂದಿದ್ರೆ?

ಹುಡುಗ ಸೋಮವಾರ ಬೆಳಿಗ್ಗೆ ಹೊರಗೆ ಬಂದ. ಕೇಸ್ ನಡೀತಿದೆ, ಲಾಯರ್ ಇದ್ದಾರೆ, ವೀಸಾ ಚಿಂತೆ ಬೇರೆ. ಊರಲ್ಲಿ ಅವರಮ್ಮಂಗೆ ಇನ್ನೂ ಹೇಳಿಲ್ಲ, ಭಾನುವಾರ ಯಾಕೋ ವಿಡಿಯೋ ಕಾಲ್ ಮಾಡ್ಲಿಲ್ಲ ಅಂತ ಕೇಳಿದ್ದಕ್ಕೆ ಇಂಟರ್ನೆಟ್ ಇರಲಿಲ್ಲ ಅಂದನಂತೆ.

ಆ ಒಂದು ಡಾಲರ್ ಸೈಟ್ ಮಾತ್ರ ನನ್ನನ್ನ ಬಿಟ್ಟಿಲ್ಲ. ಟ್ರಯಲ್ ಮುಗಿದ ದಿನವೇ ಮೂವತ್ತು ಡಾಲರ್ ಹತ್ರ ಎಳೆದ್ರು, ಕ್ಯಾನ್ಸಲ್ ಮಾಡೋಕೆ ಫೋನೇ ಮಾಡ್ಬೇಕಂತೆ, ಮಾಡಿದ್ರೆ ಅರ್ಧ ಗಂಟೆ ಮ್ಯೂಸಿಕ್ಕು. ಈಗ ದಿನಾ ಒಂದು ಇಮೇಲ್ ಬರ್ತಿದೆ, ನಿಮ್ಮ ಹೆಸರಲ್ಲೂ ರೆಕಾರ್ಡ್ ಇರಬಹುದು, ನೋಡ್ತೀರಾ ಅಂತ.