ಕ್ಯಾಬಿನೆಟ್ ಜೊತೆ ಫ್ರೀ ಬರೋ ಎಸ್‌ಎಂಪಿಎಸ್ ಬಗ್ಗೆ ಹುಷಾರು

ಹೊಸ ಕಂಪ್ಯೂಟರ್ ಅಸೆಂಬಲ್ ಮಾಡಿಸೋಕೆ ಹೊರಟವರು ಕೊಟೇಶನ್ ಚೀಟಿಯನ್ನು ಒಮ್ಮೆ ಸರಿಯಾಗಿ ನೋಡಿ. "ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್" ಅಂತ ಒಂದೇ ಸಾಲು ಇದ್ದರೆ ಅಲ್ಲೇ ತಡೆಯಿರಿ. ಪ್ರೊಸೆಸರ್‌ಗೆ ಹೆಸರಿದೆ, ರ್‍ಯಾಮ್‌ಗೆ ಹೆಸರಿದೆ, ಎಸ್‌ಎಸ್‌ಡಿಗೂ ಹೆಸರಿದೆ. ಇವೆಲ್ಲಕ್ಕೂ ಕರೆಂಟ್ ಕೊಡೋ ಡಬ್ಬಿಗೆ, ಅಂದರೆ ಎಸ್‌ಎಂಪಿಎಸ್‌ಗೆ ಮಾತ್ರ ಹೆಸರೂ ಇಲ್ಲ, ರೇಟೂ ಇಲ್ಲ. ನನ್ನ ತಮ್ಮನ ಮದರ್‌ಬೋರ್ಡ್ ಸುಟ್ಟಿದ್ದು ಅಂಥದ್ದೇ ಒಂದು ಡಬ್ಬಿಯಿಂದ.

ಅವನದು ಹಾಸನದಲ್ಲಿ ಸಣ್ಣ ಫೋಟೊ ಸ್ಟುಡಿಯೊ. ಮದುವೆ ಆಲ್ಬಂ ಡಿಸೈನ್, ಪಾಸ್‌ಪೋರ್ಟ್ ಫೋಟೊ, ಫ್ಲೆಕ್ಸ್ ಕೆಲಸ. ಕೋರ್ ಐ5 12400 ಪ್ರೊಸೆಸರ್, 16 ಜಿಬಿ ರ್‍ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಎಸ್‌ಎಂಪಿಎಸ್ ಒಳ್ಳೇದು ಹಾಕಿ ಅಂತ ಅವನು ಕೇಳಿದ್ದ. ಅಂಗಡಿಯವರು, "ಸುಮ್ನೆ ಯಾಕೆ ಸಾರ್ ದುಡ್ಡು ದಂಡ? ಗ್ರಾಫಿಕ್ಸ್ ಕಾರ್ಡೇ ಇಲ್ವಲ್ಲ. ಕ್ಯಾಬಿನೆಟ್ ಜೊತೆ 450 ವ್ಯಾಟ್‌ದು ಫ್ರೀ ಬರುತ್ತೆ, ಬೇಕಾದಷ್ಟಾಯ್ತು" ಅಂದರು.

ಕೆಲವು ತಿಂಗಳು ಏನೂ ತೊಂದರೆ ಇರಲಿಲ್ಲ. ಆಮೇಲೆ ಒಂದು ದಿನ ಫೋನ್. "ಅಣ್ಣಾ, ಕೆಲಸ ಮಾಡ್ತಾ ಇದ್ರೆ ಏನೂ ಆಗಲ್ಲ. ಟೀ ಕುಡಿಯೋಕೆ ಹೋಗಿ ಬಂದ್ರೆ ಆಫ್ ಆಗಿರುತ್ತೆ." ದೊಡ್ಡ ಆಲ್ಬಂ ಎಕ್ಸ್‌ಪೋರ್ಟ್ ಮಾಡುವಾಗ ಗಟ್ಟಿಯಾಗಿ ನಿಲ್ಲುತ್ತಿದ್ದ ಮಷಿನ್ ಖಾಲಿ ಕೂತಾಗ ಸಾಯುತ್ತಿತ್ತು. ಸ್ಲೀಪ್‌ಗೆ ಹಾಕಿದರೆ ಇನ್ನೊಂದು ಕಾಟ. ಎಬ್ಬಿಸಿದರೆ ಫ್ಯಾನ್ ತಿರುಗುತ್ತೆ, ಪರದೆ ಮಾತ್ರ ಕಪ್ಪು. ಬಟನ್ ಒತ್ತಿ ಹಿಡಿದು ಆಫ್ ಮಾಡಬೇಕು. ಸೇವ್ ಮಾಡದೆ ಬಿಟ್ಟಿದ್ದ ಕೆಲಸ ಅಷ್ಟೂ ಹೋಯಿತು.

ಅಂಗಡಿಯಿಂದ ಒಬ್ಬ ಹುಡುಗ ಬಂದ. ವಿಂಡೋಸ್ ತನ್ನ ಆಗುಹೋಗುಗಳನ್ನು ಬರೆದಿಡೋ ಈವೆಂಟ್ ವ್ಯೂಯರ್ ತೆರೆದು "ಕರ್ನಲ್-ಪವರ್ 41" ಅನ್ನೋ ಸಾಲು ತೋರಿಸಿ, "ವಿಂಡೋಸ್ ಕೆಟ್ಟಿದೆ ಸಾರ್, ಫಾರ್ಮ್ಯಾಟ್ ಹೊಡೀಬೇಕು" ಅಂದ. 41 ಅಂದರೆ ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗದೆ ನಿಂತುಹೋಗಿದೆ ಅಂತ, ಅಷ್ಟೇ. ಯಾಕೆ ನಿಂತಿತು ಅಂತ ಅದು ಹೇಳಲ್ಲ. ನಡೆಯುತ್ತಿರೋ ಮಷಿನ್‌ನ ಪ್ಲಗ್ ಕಿತ್ತರೂ ಅದೇ 41 ಬರುತ್ತೆ. ಇರಲಿ, ಫಾರ್ಮ್ಯಾಟ್ ಆಯಿತು. ರ್‍ಯಾಮ್ ತೆಗೆದು ಪೆನ್ಸಿಲ್ ರಬ್ಬರ್‌ನಲ್ಲಿ ಉಜ್ಜಿದ್ದೂ ಆಯಿತು. (ರ್‍ಯಾಮ್ ಉಜ್ಜದೆ ನಮ್ಮಲ್ಲಿ ಯಾವ ರಿಪೇರಿಯೂ ಮುಗಿಯಲ್ಲ.) ಕೊನೆಗೆ ಬಯಾಸ್‌ಗೆ (ವಿಂಡೋಸ್‌ಗಿಂತ ಮೊದಲೇ ತೆರೆಯೋ ಬೋರ್ಡ್‌ನ ಸೆಟ್ಟಿಂಗ್ ಪುಟ) ಹೋಗಿ ಸಿ-ಸ್ಟೇಟ್ ಆಫ್ ಮಾಡಿದ, ವಿಂಡೋಸ್‌ನಲ್ಲಿ ಸ್ಲೀಪ್ ಅನ್ನು "ನೆವರ್"ಗೆ ಹಾಕಿದ. ತೊಂದರೆ ನಿಂತಿತು, ಎಲ್ಲರಿಗೂ ಖುಷಿ.

ನನಗೆ ಸಿಟ್ಟು ಬರೋದೇ ಇಲ್ಲಿ. ಕಾಯಿಲೆ ಎಲ್ಲಿದೆ ಅಂತ ಬೆರಳಿಟ್ಟು ತೋರಿಸುತ್ತಿದ್ದ ಲಕ್ಷಣ ಅದು. ಅದನ್ನೇ ಮುಚ್ಚಿಹಾಕಿ ಹೋದ.

ಸಿ-ಸ್ಟೇಟ್ ಅಂದರೆ ಕೆಲಸ ಇಲ್ಲದಾಗ ಪ್ರೊಸೆಸರ್ ತನ್ನ ಕೋರ್‌ಗಳನ್ನು ಮಲಗಿಸೋ ವ್ಯವಸ್ಥೆ. ಸಿ6, ಸಿ7ರಂಥ ಆಳದ ನಿದ್ದೆಗೆ ಹೋದಾಗ ಅದು ಎಳೆಯೋ ಕರೆಂಟ್ ತೀರಾ ಕಡಿಮೆ. 2013ರಲ್ಲಿ ಇಂಟೆಲ್‌ನ 4ನೇ ತಲೆಮಾರು, ಅಂದರೆ ಹ್ಯಾಸ್‌ವೆಲ್, ಬಂದಾಗಲೇ ಈ ವಿಷಯ ದೊಡ್ಡದಾಗಿತ್ತು. ಪ್ರೊಸೆಸರ್‌ಗೆ ಹೋಗೋ 12 ವೋಲ್ಟ್ ಲೈನ್‌ನಲ್ಲಿ ಕನಿಷ್ಠ 0.5 ಆಂಪಿಯರ್ ಅಂತ ಇದ್ದದ್ದು 0.05ಕ್ಕೆ ಇಳಿಯಿತು. ಹಳೇ ಡಿಸೈನ್‌ನ ಅಗ್ಗದ ಎಸ್‌ಎಂಪಿಎಸ್‌ಗೆ ಇದು ತಡೆಯಲ್ಲ. ಅದರಲ್ಲಿ 12 ವೋಲ್ಟ್ ಮತ್ತು 5 ವೋಲ್ಟ್ ಎರಡನ್ನೂ ಒಂದೇ ಸರ್ಕ್ಯೂಟ್ ಹಿಡಿದಿರುತ್ತೆ. 5ರ ಮೇಲೆ ಭಾರ ಇದ್ದು 12ರ ಮೇಲೆ ಇಲ್ಲದಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ. 5 ಕುಸಿಯುತ್ತೆ, 12 ಏರುತ್ತೆ. ಡೆಸ್ಕ್‌ಟಾಪ್ ಬೋರ್ಡ್, ಎಸ್‌ಎಂಪಿಎಸ್‌ಗಳಿಗೆ ಇರೋ ಎಟಿಎಕ್ಸ್ ನಿಯಮದ ಪ್ರಕಾರ 12 ವೋಲ್ಟ್ ಅನ್ನೋದು 11.4ರಿಂದ 12.6ರ ಒಳಗಿರಬೇಕು. ತೀರಾ ಮೀರಿದರೆ ಎಸ್‌ಎಂಪಿಎಸ್ ತನ್ನನ್ನು ತಾನೇ ಆರಿಸಿಕೊಳ್ಳುತ್ತೆ. ಟೀ ಹೊತ್ತಿಗೆ ಆಫ್ ಆಗುತ್ತಿದ್ದುದು ಹಾಗೆ. ಸಿ-ಸ್ಟೇಟ್ ಆಫ್ ಮಾಡಿದ ಕೂಡಲೇ ನಿಂತಿದ್ದೂ ಅದಕ್ಕೇ.

ಊರಿಗೆ ಹೋದಾಗ ಕ್ಯಾಬಿನೆಟ್‌ನ ಪಕ್ಕದ ಮುಚ್ಚಳ ತೆಗೆದು ಲೇಬಲ್ ಓದಿದೆ. ಮೇಲೆ ದಪ್ಪ ಅಕ್ಷರದಲ್ಲಿ 450. ಕೆಳಗೆ ಸಣ್ಣ ಅಕ್ಷರದಲ್ಲಿ: 3.3 ವೋಲ್ಟ್ 20 ಆಂಪಿಯರ್, 5 ವೋಲ್ಟ್ 25, 12 ವೋಲ್ಟ್ 15, ಸ್ಟ್ಯಾಂಡ್‌ಬೈ 5 ವೋಲ್ಟ್ 2, ಮೈನಸ್ 12 ಅರ್ಧ ಆಂಪಿಯರ್. ಗುಣಿಸಿ ನೋಡಿ. 66, 125, 180, 10, 6. ಎಲ್ಲ ಕೂಡಿಸಿದರೂ 387 ವ್ಯಾಟ್. ಅವರದೇ ಲೇಬಲ್ ಅವರ 450ನ್ನು ಮುಟ್ಟಲ್ಲ! ಅದರಲ್ಲೂ ಕೆಲಸಕ್ಕೆ ಬರೋದು 12 ವೋಲ್ಟ್‌ನ 180 ಮಾತ್ರ. ಒಂದು ಕಾಲದಲ್ಲಿ ಪ್ರೊಸೆಸರ್ 5 ವೋಲ್ಟ್‌ನಿಂದ ಕರೆಂಟ್ ತೆಗೆಯುತ್ತಿತ್ತು. 2000ದಲ್ಲಿ ಪೆಂಟಿಯಂ 4 ಬಂದಾಗ ಅದಕ್ಕೇ ಅಂತ ಬೇರೆ 4 ಪಿನ್‌ನ 12 ವೋಲ್ಟ್ ಕನೆಕ್ಟರ್ ಬಂತು. ಆಮೇಲೆ ಬೋರ್ಡ್‌ಗಳ ಹಸಿವೆಲ್ಲ 12ರ ಕಡೆ ತಿರುಗಿತು. 5 ಮತ್ತು 3.3ರ ಮೇಲೆ ಇಷ್ಟೊಂದು ತೋರಿಸಿ 12ರ ಮೇಲೆ ಜಿಪುಣತನ ಮಾಡಿರೋ ಲೇಬಲ್ ಅಂದರೆ ಹಳೇ ಡಿಸೈನ್‌ಗೆ ಹೊಸ ಸ್ಟಿಕ್ಕರ್ ಅಂತಲೇ ಲೆಕ್ಕ.

12400ರ ಬಾಕ್ಸ್ ಮೇಲೆ 65 ವ್ಯಾಟ್ ಅಂತ ಇರುತ್ತೆ. ಅದು ಬೇಸ್ ಲೆಕ್ಕ. ಟರ್ಬೊದಲ್ಲಿ 117 ವ್ಯಾಟ್‌ವರೆಗೆ ಹೋಗುತ್ತೆ ಅಂತ ಇಂಟೆಲ್ಲೇ ಹೇಳಿದೆ. ಬೋರ್ಡ್‌ನಲ್ಲಿ ಪ್ರೊಸೆಸರ್ ಪವರ್‌ಗೆ 8 ಪಿನ್ ಸಾಕೆಟ್ ಇತ್ತು, ಈ ಎಸ್‌ಎಂಪಿಎಸ್‌ನಲ್ಲಿ ಇದ್ದದ್ದು 4 ಪಿನ್ ಮಾತ್ರ. ಅರ್ಧ ಸಾಕೆಟ್‌ಗೆ ಸಿಕ್ಕಿಸಿ ಅರ್ಧ ಖಾಲಿ ಬಿಟ್ಟಿದ್ದರು. ಸಿಕ್ಕಿಸಿದ ಕಡೆ ಬಿಳಿ ಪ್ಲಾಸ್ಟಿಕ್ ಕಂದಾಗಿತ್ತು, ಹಳದಿ ವೈರ್‌ನ ತುದಿ ಬಿಸಿಗೆ ಗಟ್ಟಿಯಾಗಿತ್ತು. ಫೋಟೊ ತೆಗೆದು ಅಂಗಡಿಗೆ ಕಳಿಸಿದೆವು. "ನಡೀತಾ ಇದೆಯಲ್ಲ ಸಾರ್, ಕೆಟ್ಟರೆ ಚೇಂಜ್ ಮಾಡ್ಕೊಡ್ತೀವಿ" ಅಂತ ಉತ್ತರ ಬಂತು.

ಹೊಸದು ತರಿಸೋ ಮೊದಲೇ ಕೆಟ್ಟಿತು. ಬೆಳಗ್ಗೆ ತಮ್ಮ ಸ್ಟುಡಿಯೊ ಬಾಗಿಲು ತೆಗೆದು ಗೋಡೆಯ ಸ್ವಿಚ್ ಹಾಕಿದ. ಕಂಪ್ಯೂಟರ್‌ನ ಬಟನ್ ಇನ್ನೂ ಒತ್ತಿರಲಿಲ್ಲ. ಪಟ್ ಅಂತ ಸದ್ದು, ಸುಟ್ಟ ವಾಸನೆ.

ಬಟನ್ ಒತ್ತದೆ ಹೇಗೆ ಸುಡುತ್ತೆ ಅಂತ ಬಹಳ ಜನ ಕೇಳುತ್ತಾರೆ. ಹಳೇ ಎಟಿ ಕಾಲದಲ್ಲಿ ಬಟನ್ ಅಂದರೆ ನೇರ ಮೇನ್ ಸ್ವಿಚ್. 1995ರಲ್ಲಿ ಎಟಿಎಕ್ಸ್ ಬಂದ ಮೇಲೆ ಬಟನ್ ಕೆಲಸ ಬೋರ್ಡ್‌ಗೆ ಸುದ್ದಿ ಮುಟ್ಟಿಸೋದು ಮಾತ್ರ. ಬೋರ್ಡ್ ಹಸಿರು ವೈರ್ ಮೂಲಕ ಎಸ್‌ಎಂಪಿಎಸ್‌ಗೆ "ಆನ್ ಆಗು" ಅನ್ನುತ್ತೆ. ಆ ಸುದ್ದಿಗೋಸ್ಕರ ಬೋರ್ಡ್‌ನ ಒಂದು ಭಾಗ ಸದಾ ಎಚ್ಚರ ಇರಬೇಕಲ್ವಾ? ಅದಕ್ಕೇ ನೇರಳೆ ವೈರ್‌ನಲ್ಲಿ 5 ವೋಲ್ಟ್ ಸ್ಟ್ಯಾಂಡ್‌ಬೈ ಬರೋದು. ಗೋಡೆಯ ಸ್ವಿಚ್ ಹಾಕಿದ ಕ್ಷಣದಿಂದ ಅದು ಬರುತ್ತಲೇ ಇರುತ್ತೆ. ಸ್ಲೀಪ್‌ಗೆ (ಎಸ್3 ಅನ್ನೋ ಬಗೆ) ಹಾಕಿದಾಗ ರ್‍ಯಾಮ್ ಬದುಕೋದೂ ಅದರ ಮೇಲೆಯೇ. ಅದು ಸೋತರೆ ರ್‍ಯಾಮ್‌ನಲ್ಲಿದ್ದದ್ದೆಲ್ಲ ಅಳಿಸಿ, ಎಬ್ಬಿಸಿದಾಗ ಕಪ್ಪು ಪರದೆ. ಆಫ್ ಆದ ಕಂಪ್ಯೂಟರ್‌ನ ಯುಎಸ್‌ಬಿಯಲ್ಲಿ ರಾತ್ರಿಯೆಲ್ಲ ಫೋನ್ ಚಾರ್ಜ್ ಆಗುತ್ತಲ್ಲ, ಅದೂ ಇದೇ 2 ಆಂಪಿಯರ್‌ನಿಂದಲೇ.

ಪೇಟೆಯ ಇನ್ನೊಬ್ಬ ರಿಪೇರಿಯವರು ಎಸ್‌ಎಂಪಿಎಸ್ ಬಿಚ್ಚಿ, ನೇರಳೆ ವೈರ್‌ಗೆ ಮೀಟರ್ ಹಿಡಿದರು. 4.75ರಿಂದ 5.25ರ ಒಳಗೆ ಇರಬೇಕಾದದ್ದು 8 ದಾಟಿತ್ತು. ಒಳಗೆ ಸ್ಟ್ಯಾಂಡ್‌ಬೈನ ಸಣ್ಣ ಟ್ರಾನ್ಸ್‌ಫಾರ್ಮರ್ ಪಕ್ಕ ಒಂದು ಕೆಪಾಸಿಟರ್ ಉಬ್ಬಿತ್ತು. ಅಗ್ಗದ ಸರ್ಕ್ಯೂಟ್‌ಗಳಲ್ಲಿ ಈ ಒಂದು ಕೆಪಾಸಿಟರ್ ಒಣಗಿದರೆ ವೋಲ್ಟೇಜ್ ಕಡಿಮೆ ಆಗಲ್ಲ, ಏರುತ್ತೆ. ಸ್ಟ್ಯಾಂಡ್‌ಬೈ ಹಾಗೆ ಏರದಂತೆ ತಡೆಯೋ ರಕ್ಷಣೆಯನ್ನು ಉಳಿತಾಯಕ್ಕೆ ಅಂತ ಕಿತ್ತಿರುತ್ತಾರೆ. (ನೀವಾಗಿ ಬಿಚ್ಚೋಕೆ ಹೋಗಬೇಡಿ. ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟ್ ಮೇಲೆ ಉಳಿದಿರಬಹುದು.) ಬೋರ್ಡ್ ಹೋಯಿತು, ಒಂದು ರ್‍ಯಾಮ್ ಹೋಯಿತು. ಎಸ್‌ಎಸ್‌ಡಿಗೆ ಬಟನ್ ಒತ್ತಿ ಎಸ್‌ಎಂಪಿಎಸ್‌ನ ಮೇನ್ ಲೈನ್‌ಗಳು ಆನ್ ಆದ ಮೇಲೆಯೇ ಕರೆಂಟ್ ಸಿಗೋದರಿಂದ ಮದುವೆ ಫೋಟೊಗಳು ಉಳಿದವು. ಇಲ್ಲದಿದ್ದರೆ ಗಿರಾಕಿಗಳಿಗೆ ಏನು ಹೇಳಬೇಕಿತ್ತೋ!

ಬೋರ್ಡ್ ವಾರಂಟಿಯಲ್ಲೇ ಇತ್ತು. ಸುಟ್ಟ ಗುರುತು ಇದ್ದರೆ ವಾರಂಟಿ ಇಲ್ಲ ಅಂತ ವಾಪಸ್ ಕಳಿಸಿದರು. ಅಂಗಡಿಯವರು, "ಲೈನ್‌ನಲ್ಲಿ ವೋಲ್ಟೇಜ್ ಜಾಸ್ತಿ ಬಂದಿರುತ್ತೆ ಸಾರ್, ನಾವೇನು ಮಾಡೋಕಾಗುತ್ತೆ?" ಅಂದರು. ಗೋಡೆಯ ಅದೇ ಸ್ವಿಚ್‌ಬೋರ್ಡ್‌ಗೆ ಸಿಕ್ಕಿಸಿದ್ದ ಪ್ರಿಂಟರ್, ಮಾನಿಟರ್ ಎರಡೂ ಚೆನ್ನಾಗಿದ್ದವು. ಕೊನೆಗೆ ಮಾತು ಉಳಿಸಿಕೊಂಡು ಎಸ್‌ಎಂಪಿಎಸ್ ಮಾತ್ರ ಚೇಂಜ್ ಮಾಡಿಕೊಟ್ಟರು. ಅದೇ ಮಾಡೆಲ್, ಅದೇ 450!

ಆದ್ದರಿಂದ ಎಸ್‌ಎಂಪಿಎಸ್ ಬೇರೆ ಕೊಳ್ಳಿ, ಬಿಲ್‌ನಲ್ಲಿ ಮಾಡೆಲ್ ನಂಬರ್ ಸಮೇತ ಬೇರೆ ಸಾಲು ಬರೆಸಿ. ದುಡ್ಡು ಕೊಡೋ ಮೊದಲು ಲೇಬಲ್ ನೋಡಿ. 12 ವೋಲ್ಟ್‌ನ ಆಂಪಿಯರ್ ಅನ್ನು 12ರಿಂದ ಗುಣಿಸಿದರೆ ಬಾಕ್ಸ್ ಮೇಲಿನ ವ್ಯಾಟ್‌ಗೆ ಹತ್ತಿರ ಬರಬೇಕು. ಪ್ರೊಸೆಸರ್‌ಗೆ 8 ಪಿನ್ (4+4) ಕೇಬಲ್ ಇರಲೇಬೇಕು. "ಕನ್ವರ್ಟರ್ ಹಾಕ್ಕೊಡ್ತೀವಿ" ಅಂದರೆ ಎದ್ದು ಬನ್ನಿ. 80 ಪ್ಲಸ್ ಸ್ಟಿಕ್ಕರ್ ಎಫಿಶಿಯೆನ್ಸಿ ಬಗ್ಗೆ ಮಾತ್ರ ಹೇಳುತ್ತೆ, ರಕ್ಷಣೆ ಬಗ್ಗೆ ಅಲ್ಲ. ಆ ಸ್ಟಿಕ್ಕರ್ ಅನ್ನೂ ಕೆಲವರು ಸುಮ್ನೆ ಅಂಟಿಸಿರುತ್ತಾರೆ, 80 ಪ್ಲಸ್‌ನವರ ವೆಬ್‌ಸೈಟ್‌ನ ಪಟ್ಟಿಯಲ್ಲಿ ಮಾಡೆಲ್ ಇದೆಯಾ ನೋಡಿ. ವಾರಂಟಿ ಎಷ್ಟು ವರ್ಷ ಅನ್ನೋದು ನನ್ನ ಪ್ರಕಾರ ಅದಕ್ಕಿಂತ ಒಳ್ಳೆಯ ಸೂಚನೆ. ಕೇಬಲ್ ಬಿಚ್ಚಿ ಹಾಕೋ ಮಾಡ್ಯುಲರ್ ಮಾಡೆಲ್ ಆದರೆ ಬೇರೆ ಕಂಪನಿಯ ಕೇಬಲ್ ಸಿಕ್ಕಿಸಬೇಡಿ. ಬೋರ್ಡ್ ಕಡೆಯ ಪಿನ್‌ಗಳಿಗೆ ನಿಯಮ ಇದೆ, ಎಸ್‌ಎಂಪಿಎಸ್ ಕಡೆಯದಕ್ಕೆ ಇಲ್ಲ. ಸಿಕ್ಕಿಸಿದರೆ ಸಲೀಸಾಗಿ ಕೂರುತ್ತೆ, ಆದರೆ 5 ಬರಬೇಕಾದ ಕಡೆ 12 ಬರಬಹುದು.

ಒಳ್ಳೆ ಎಸ್‌ಎಂಪಿಎಸ್‌ನಲ್ಲಿ ಲೈನ್‌ನಿಂದ ಕರೆಂಟನ್ನು ಹದವಾಗಿ ಎಳೆಯೋ ಆ್ಯಕ್ಟಿವ್ ಪಿಎಫ್‌ಸಿ ಅನ್ನೋ ಸರ್ಕ್ಯೂಟ್ ಇರುತ್ತೆ. ಸಾದಾ ಯುಪಿಎಸ್ ಬ್ಯಾಟರಿಗೆ ಬದಲಾದಾಗ ಶುದ್ಧ ಸೈನ್ ವೇವ್ (ಲೈನ್ ಕರೆಂಟ್‌ನಂಥ ನುಣುಪಾದ ಅಲೆ) ಕೊಡಲ್ಲ, ಅದು ಈ ಸರ್ಕ್ಯೂಟ್‌ಗೆ ಹೊಂದದೆ ಕೆಲವು ಜೋಡಿಗಳಲ್ಲಿ ಆ ಕ್ಷಣ ಕಂಪ್ಯೂಟರ್ ಆಫ್ ಆಗಿಬಿಡುತ್ತೆ. ಮನೆಗೆ ತಂದ ದಿನವೇ ಯುಪಿಎಸ್ ಪ್ಲಗ್ ಕಿತ್ತು ನೋಡಿ, ಇನ್ನೂ ಬದಲಾಯಿಸಿಕೊಡೋ ಅವಧಿ ಇರುತ್ತೆ.

ಬಯಾಸ್‌ನಲ್ಲಿ ಯಾರಾದರೂ ಸಿ-ಸ್ಟೇಟ್ ಆಫ್ ಮಾಡಿ "ಸರಿಹೋಯ್ತು" ಅಂದಿದ್ದರೆ ಇವತ್ತೇ ಎಸ್‌ಎಂಪಿಎಸ್ ಪರೀಕ್ಷೆ ಮಾಡಿಸಿ. ಅಲ್ಲಿವರೆಗೆ ರಾತ್ರಿ ಗೋಡೆಯ ಸ್ವಿಚ್ ಆರಿಸಿ ಮಲಗಿ. ಹಾಳಾದದ್ದನ್ನು ಎಕ್ಸ್‌ಚೇಂಜ್ ಅಂತ ನೂರು, ಇನ್ನೂರಕ್ಕೆ ಅಂಗಡಿಗೆ ಕೊಡಬೇಡಿ. ಒಂದು ಕೆಪಾಸಿಟರ್ ಬದಲಾಯಿಸಿ ಇನ್ಯಾರದೋ ಕ್ಯಾಬಿನೆಟ್‌ಗೆ ಹಾಕುತ್ತಾರೆ. ತಮ್ಮ ಅದರ ವೈರ್‌ಗಳನ್ನೆಲ್ಲ ಕತ್ತರಿಸಿ ಇ-ವೇಸ್ಟ್‌ಗೆ ಹಾಕಿದ.