ಮೂರು ವರ್ಷ ಬಳಸಿದ ಪಗಾರದ ಆ್ಯಪ್: ಲೆಕ್ಕ ಗಟ್ಟಿ, ಕಾನೂನು ಲೇಟು

ನಮ್ಮದು ದಾವಣಗೆರೆಯ ಕರೂರು ಇಂಡಸ್ಟ್ರಿಯಲ್ ಏರಿಯಾ ಹತ್ತಿರ ಸಣ್ಣ ಹೊಲಿಗೆ ಯೂನಿಟ್. ಶಾಲೆ ಯೂನಿಫಾರಂ ಹೊಲಿಯುತ್ತೇವೆ. ಈಗ 38 ಜನ ಇದ್ದಾರೆ, ಅದರಲ್ಲಿ 31 ಜನ ಹೆಣ್ಣುಮಕ್ಕಳು. ಹಾಜರಿ, ಪಗಾರ, ಪಿಎಫ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಎಲ್ಲಕ್ಕೂ 2023ರ ಜೂನ್‌ನಿಂದ ಈ ಆ್ಯಪ್ ಬಳಸುತ್ತಿದ್ದೇನೆ. ತಲೆಗೆ ತಿಂಗಳಿಗೆ 60 ರೂಪಾಯಿ. ಮೂರು ದಿನ ಬಳಸಿ ಐದು ಸ್ಟಾರ್ ಕೊಟ್ಟವರನ್ನು ನಂಬಿ ಕೊಂಡವನು ನಾನು. ಅದಕ್ಕೇ ಮೂರು ವರ್ಷ ಕಾದು ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯದು ಹೇಳುತ್ತೇನೆ. ಮುಂಚೆ ನಮ್ಮ ಮನೆಯವಳು ಹಾಜರಿ ಪುಸ್ತಕ ಹಿಡಿದು ತಿಂಗಳ ಕೊನೆಗೆ ಎರಡು ರಾತ್ರಿ ಕೂರುತ್ತಿದ್ದಳು. ಈಗ ಮುಕ್ಕಾಲು ಗಂಟೆ ಸಾಕು. ಪಿಎಫ್, ಇಎಸ್‌ಐ ಎರಡನ್ನೂ 15ನೇ ತಾರೀಖಿನೊಳಗೆ ಕಟ್ಟಬೇಕು. 10ಕ್ಕೇ ಆ್ಯಪ್ ನೆನಪಿಸುತ್ತದೆ. ಮೂರು ವರ್ಷದಲ್ಲಿ ಒಂದೇ ಒಂದು ತಿಂಗಳೂ ದಂಡ ಬಿದ್ದಿಲ್ಲ. ಇಎಸ್‌ಐ ಲೆಕ್ಕದಲ್ಲಿ ಕೆಲಸದವರ ಪಾಲು 0.75 ಪರ್ಸೆಂಟ್, ನಮ್ಮದು 3.25. ಇದರಲ್ಲಿ ಒಂದು ರೂಪಾಯಿ ಆಚೀಚೆ ಆಗಿದ್ದು ನೋಡಿಲ್ಲ.

ಓಟಿ (ಹೆಚ್ಚುವರಿ ಗಂಟೆಯ ಕೆಲಸ) ವಿಷಯದಲ್ಲಿ ಒಂದು ತಪ್ಪು ಒಪ್ಪಿಕೊಳ್ಳಬೇಕು. ಏಪ್ರಿಲ್, ಮೇ ಸೀಸನ್‌ನಲ್ಲಿ ನಾವು ಓಟಿಗೆ ಒಂದೂವರೆ ಪಟ್ಟು ಕೊಟ್ಟು, ಮೇಲೆ ಚಹಾ ಮಂಡಕ್ಕಿ ಕೊಟ್ಟು ಮುಗಿಸುತ್ತಿದ್ದೆವು. ಕಾನೂನಿನಲ್ಲಿ ಇರುವುದು ಎರಡು ಪಟ್ಟು. ಆ್ಯಪ್‌ನಲ್ಲಿ 1.5 ಹಾಕಲು ಹೋದರೆ ಕೆಂಪು ಗೆರೆ ಬಂತು. ಆವತ್ತಿನಿಂದ ಸರಿಯಾಗಿ ಕೊಡುತ್ತಿದ್ದೇವೆ. ಮಂಡಕ್ಕಿ ನಿಂತಿಲ್ಲ.

ಹಾಜರಿ ಮೆಷಿನ್ ಮಾತ್ರ ತಲೆನೋವು. ಮೊದಲು ಕೊಟ್ಟಿದ್ದು ಬೆರಳಚ್ಚಿನದು. ಭದ್ರಾ ನಾಲೆಗೆ ನೀರು ಬಿಟ್ಟಾಗ ನಮ್ಮ ಅರ್ಧ ಜನ ಎಂಟು ದಿನ ಭತ್ತದ ನಾಟಿಗೆ ಹೋಗುತ್ತಾರೆ. ತಿರುಗಿ ಬಂದಾಗ ಬೆರಳು ಸವೆದಿರುತ್ತದೆ, ಮೆಷಿನ್ ಗುರುತೇ ಹಿಡಿಯುವುದಿಲ್ಲ. ಎಂಟು ದಿನ ಬರಲಿಲ್ಲ ಎಂದು ಬೈದವನು ನಾನು, ಬಂದ ಮೇಲೂ ಗೈರುಹಾಜರಿ ಹಾಕಿದ್ದು ಮೆಷಿನ್. ಕೊನೆಗೆ ಮುಖ ನೋಡುವ ಮೆಷಿನ್ ಹಾಕಿಸಿದೆ, ನಮ್ಮದೇ ದುಡ್ಡಲ್ಲಿ.

ಪಗಾರ ಚೀಟಿಯನ್ನು ಕನ್ನಡದಲ್ಲಿ ಕೊಡುತ್ತೇವೆ ಎಂದು ಜಾಹೀರಾತಿನಲ್ಲಿ ದೊಡ್ಡದಾಗಿ ಬರೆದಿದ್ದರು. ಮೊದಲ ಚೀಟಿ ಕೈಗೆ ಬಂದಾಗ ಅದರಲ್ಲಿ ‘ಬಿಡು ಸಮತೋಲನ: 6’ ಎಂದಿತ್ತು. ಅಂದರೆ ಲೀವ್ ಬ್ಯಾಲೆನ್ಸ್, ಬಾಕಿ ರಜೆ ಆರು! ಚೆಕಿಂಗ್ ಟೇಬಲ್ಲಿನಲ್ಲಿ ಒಂದು ವಾರ ಎಲ್ಲರೂ ‘ಬಿಡು ಸಮತೋಲನ’ ಅಂತ ನಕ್ಕಿದ್ದೇ ನಕ್ಕಿದ್ದು. ದೂರು ಕೊಟ್ಟ ಏಳು ತಿಂಗಳಿಗೆ ಸರಿಯಾಯಿತು. ಈಗ ಚೀಟಿ ಚೆನ್ನಾಗಿದೆ, ಓದಿದರೆ ಅರ್ಥವಾಗುತ್ತದೆ.

ಇನ್ನು ನಿಜವಾದ ತಕರಾರಿಗೆ ಬರುತ್ತೇನೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಹಳೆಯ 29 ಕಾನೂನು ಹೋಗಿ ನಾಲ್ಕಾದವು. ನಾನು ದುಡ್ಡು ಕೊಡುವುದೇ ಇಂಥ ದಿನಕ್ಕೆ ಅಲ್ವಾ? ಆ್ಯಪ್ ತೆರೆದರೆ ಏನೂ ಇಲ್ಲ. ಡಿಸೆಂಬರ್‌ನಲ್ಲಿ ಒಬ್ಬ ಟೈಲರ್ ಹುಡುಗಿ ಬೆಂಗಳೂರಿಗೆ ಹೊರಟಳು. ಆ್ಯಪ್‌ನಲ್ಲಿ ಅವಳ ಲೆಕ್ಕ ಮುಂದಿನ ತಿಂಗಳ 7ಕ್ಕೆ ಎಂದು ತೋರಿಸಿತು. ಹಾಗೇ ಹೇಳಿದೆ. ಅವಳು ನಿಂತಲ್ಲೇ ಫೋನ್ ತೆಗೆದು, “ಅಣ್ಣಾ, ಕೆಲಸ ಬಿಟ್ಟ ಎರಡು ದಿನದಾಗೆ ಪಗಾರ ಚುಕ್ತಾ ಮಾಡಬೇಕಂತಲ್ಲ ಈಗ, ನೋಡ್ರಿ” ಎಂದಳು. ಅವಳು ಹೇಳಿದ್ದೇ ಸರಿ. ಬಿಟ್ಟರೂ ಬಿಡಿಸಿದರೂ ಎರಡು ಕೆಲಸದ ದಿನದೊಳಗೆ ಬಾಕಿ ಪಗಾರ ಕೊಡಬೇಕು. ನಾನು ದುಡ್ಡು ಕೊಟ್ಟ ಆ್ಯಪ್‌ಗೆ ಗೊತ್ತಿಲ್ಲದ್ದು ಅವಳ ರೀಲ್ಸ್‌ಗೆ ಗೊತ್ತಿತ್ತು. ಆವತ್ತೇ ಕೈಲೆಕ್ಕ ಮಾಡಿ ಕಳಿಸಿದೆ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ “ಕಾಯಿರಿ ಸರ್, ಅಪ್‌ಡೇಟ್ ಬರುತ್ತದೆ” ಎಂಬ ಒಂದೇ ಮಾತು. ಬಂದಿದ್ದು ಫೆಬ್ರವರಿಯಲ್ಲಿ. ಹೊಸ ಲೆಕ್ಕಕ್ಕೆ ಬದಲಾಯಿಸಲು ಒಂದು ಬಟನ್ ಕೊಟ್ಟರು, ಒತ್ತಿದೆ. ಹೆಲ್ಪರ್, ಟೈಲರ್‌ಗಳಿಗೆ ಏನೂ ವ್ಯತ್ಯಾಸ ಆಗಲಿಲ್ಲ, ಅವರ ಪಗಾರ ಹೆಚ್ಚುಕಡಿಮೆ ಪೂರ್ತಿ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ). ಸಿಕ್ಕಿಬಿದ್ದಿದ್ದು ಕಟಿಂಗ್ ಮಾಸ್ಟರ್. ಅವರ ಪಗಾರ 30,000. ಅದರಲ್ಲಿ ಬೇಸಿಕ್, ಡಿಎ ಸೇರಿ 13,500, ಉಳಿದ 16,500 ಮನೆ ಬಾಡಿಗೆ, ಓಡಾಟ ಅಂತ ಭತ್ಯೆಗಳು. ಹೊಸ ಲೆಕ್ಕದಲ್ಲಿ ಇಂಥ ಭತ್ಯೆಗಳು ಒಟ್ಟು ಪಗಾರದ ಅರ್ಧ ಮೀರಿದರೆ, ಮೀರಿದ್ದನ್ನು ವೇತನಕ್ಕೇ ಸೇರಿಸಬೇಕು. ಅಂದರೆ 1,500 ಸೇರಿ ವೇತನ 15,000 ಆಯಿತು. ಪಿಎಫ್ ಕಟ್ 1,620 ಇದ್ದದ್ದು 1,800. ಮುಂದೆ ಗ್ರಾಚ್ಯುಟಿಯೂ ಇದರ ಮೇಲೇ. “ನನ್ನ 180 ರೂಪಾಯಿ ಯಾರು ತಿಂದ್ರು?” ಎಂದು ಅವರು ಕತ್ತರಿ ಕೆಳಗಿಟ್ಟರು. ನನ್ನ ಪಾಲಿಗೂ ಅಷ್ಟೇ ಹೆಚ್ಚಿದೆ ಎಂದು ತೋರಿಸಿದ ಮೇಲೆ ಮತ್ತೆ ಎತ್ತಿಕೊಂಡರು. ಬಟನ್ ಒತ್ತುವ ಮೊದಲು ಯಾರಿಗೆ ಎಷ್ಟು ಬದಲಾಗುತ್ತದೆ ಎಂದು ಒಂದು ಪಟ್ಟಿ ತೋರಿಸಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ.

ನೇಮಕಾತಿ ಪತ್ರ ಎಲ್ಲರಿಗೂ ಕೊಡಬೇಕು ಎಂದಾಯಿತು. ಆ್ಯಪ್‌ನಲ್ಲಿ ನಮೂನೆ ಇತ್ತು, ಇಂಗ್ಲಿಷಿನಲ್ಲಿ ಮಾತ್ರ. ಡಿಟಿಪಿ ಅಂಗಡಿಯಲ್ಲಿ ಕನ್ನಡಕ್ಕೆ ಟೈಪ್ ಮಾಡಿಸಿದೆ. ಚೆಕಿಂಗ್‌ನ ಒಬ್ಬ ಅಕ್ಕ ಸಹಿ ಹಾಕದೆ ಪತ್ರವನ್ನು ಮನೆಗೆ ಒಯ್ದರು, ಮಗನ ಹತ್ತಿರ ಓದಿಸಿದರು, ಮರುದಿನ ತಂದರು. ಅವರ ಊರಿನ ಹೆಸರೇ ತಪ್ಪಾಗಿತ್ತು. ಹನ್ನೊಂದು ವರ್ಷ ನಮ್ಮಲ್ಲಿ ಕೆಲಸ ಮಾಡಿದ್ದಾರೆ. ಊರಿನ ಹೆಸರು ಸರಿಯಾಗಿ ಬರೆದ ಕಾಗದ ಅವರಿಗೆ ನಮ್ಮಿಂದ ಹೋಗಿದ್ದು ಅದೇ ಮೊದಲು.

ಋತುಚಕ್ರ ರಜೆಯ ವಿಷಯವನ್ನು ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿದಾಗ ಆ್ಯಪ್‌ನವರು ಬೇಗ ಒಂದು ಕಾಲಂ ಸೇರಿಸಿದರು, ಅದು ಮೆಚ್ಚುವಂಥದ್ದು. ಆದರೆ ಅರ್ಜಿ ನೇರ ಲೈನ್ ಸೂಪರ್‌ವೈಸರ್ ಫೋನಿಗೆ ಹೋಗುತ್ತಿತ್ತು. ಅವನು ಇಪ್ಪತ್ನಾಲ್ಕರ ಹುಡುಗ. ಒಬ್ಬರೂ ಹಾಕಲಿಲ್ಲ. ಮನೆಯವಳ ಫೋನಿಗೆ ತಿರುಗಿಸಿದ ಮೇಲೆ ಬರತೊಡಗಿತು.

ಜನ ಹುಡುಕುವುದರಲ್ಲಿ ಈ ಆ್ಯಪ್ ಏನೂ ಮಾಡುವುದಿಲ್ಲ. ‘ನೇಮಕಾತಿ’ ಎಂದು ಒಂದು ವಿಭಾಗ ಇದೆ, ಸುಮ್ನೆ. ಮೂರು ವರ್ಷದಲ್ಲಿ ಅದರಿಂದ ಬಂದವರು ಒಬ್ಬರೂ ಇಲ್ಲ. ನಮ್ಮಲ್ಲಿ ಜನ ಬರುವುದು ಇರುವವರ ಬಾಯಿಂದ. ಶಕ್ತಿ ಯೋಜನೆ ಬಂದ ಮೇಲೆ ಹರಿಹರ, ಜಗಳೂರು ಕಡೆಯಿಂದಲೂ ಬಸ್ಸಿನಲ್ಲಿ ಬರುತ್ತಾರೆ. ಬಂದವರ ಮೊದಲ ಪ್ರಶ್ನೆ, “ಪಿಎಫ್ ಹಿಡಿದ್ರೆ ಬಿಪಿಎಲ್ ಕಾರ್ಡ್ ಹೋಗುತ್ತಾ ಅಣ್ಣಾ?” ಈ ಹೆದರಿಕೆ ಸುಳ್ಳು ಎಂದು ಹೇಳುವ ಧೈರ್ಯ ನನಗಿಲ್ಲ. ಕಾರ್ಡಿಗೆ ವರ್ಷದ ಆದಾಯದ ಮಿತಿ 1.20 ಲಕ್ಷ. ನಮ್ಮ ಹೆಲ್ಪರ್ ಪಗಾರವೇ ಅದನ್ನು ದಾಟುತ್ತದೆ. ಕಾರ್ಡ್ ಹೋದರೆ ಗೃಹಲಕ್ಷ್ಮಿಯ 2,000 ಕೂಡ ಹೋಗುತ್ತದೆ ಎಂಬ ಹೆದರಿಕೆ ಬೇರೆ, ಆದರೆ ಅದು ಎಪಿಎಲ್ ಕಾರ್ಡಿನವರಿಗೂ ಸಿಗುತ್ತದೆ. ಇದೇ ಕಾರಣಕ್ಕೆ ನಾಲ್ಕು ಜನ ಬಾಗಿಲಿಂದಲೇ ತಿರುಗಿ ಹೋದರು. ಪಿಎಫ್ ಬೇಡ ಎನ್ನುವವರೂ ಇಎಸ್‌ಐ ಬೇಡ ಎನ್ನುವುದಿಲ್ಲ, ಆಸ್ಪತ್ರೆ ಬೇಕಲ್ಲ.

2025ರ ಆಗಸ್ಟ್‌ನಿಂದ ಹೊಸ ಯುಎಎನ್‌ಗೆ (ಪಿಎಫ್‌ನ ಖಾಯಂ ನಂಬರ್) ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಮುಖ ತೋರಿಸಬೇಕು. ಅದಕ್ಕೂ ನಮ್ಮ ಪಗಾರದ ಆ್ಯಪ್‌ನಲ್ಲಿ ದಾರಿ ಇಲ್ಲ. ಅಂಗಳದಲ್ಲಿ ಬಿಸಿಲಿಗೆ ನಿಲ್ಲಿಸಿ, ಕಣ್ಣು ಮಿಟುಕಿಸಿ ಎಂದು ಹೇಳಿ ಮಾಡಿಸುತ್ತೇವೆ. ಅಷ್ಟೆಲ್ಲ ಆಗಿ ಮೂರನೇ ದಿನ ಬರದವರೂ ಇದ್ದಾರೆ.

ಕೇಂದ್ರದ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯ ಸುದ್ದಿಯನ್ನೂ ನಮ್ಮ ಆಡಿಟರ್ ಹೇಳಿದ್ದು, ಆ್ಯಪ್ ಅಲ್ಲ. 50ಕ್ಕಿಂತ ಕಡಿಮೆ ಜನ ಇರುವವರು ಇಬ್ಬರನ್ನು ಹೆಚ್ಚಿಗೆ ತೆಗೆದುಕೊಂಡು ಆರು ತಿಂಗಳು ಉಳಿಸಿಕೊಂಡರೆ ಮಾಲೀಕನಿಗೂ ಹಣ ಬರುತ್ತದೆ. ನಮ್ಮ ಪಗಾರಕ್ಕೆ ತಲೆಗೆ ತಿಂಗಳಿಗೆ 2,000. ಇಬ್ಬರನ್ನು ತೆಗೆದುಕೊಂಡೆ. ಒಬ್ಬಳಿಗೆ ಐದನೇ ತಿಂಗಳಲ್ಲಿ ರಾಣೆಬೆನ್ನೂರಿಗೆ ಮದುವೆ ಗೊತ್ತಾಯಿತು. ಊಟಕ್ಕೆ ಹೋಗಿ ಮುಯ್ಯಿ ಮಾಡಿ ಬಂದೆ.

ಈ ತಿಂಗಳು ನವೀಕರಣ. ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂದರು. ಒಂದೇ ವರ್ಷಕ್ಕೆ ಕಟ್ಟಿದ್ದೇನೆ. ಐದಕ್ಕೆ ಮೂರು ಸ್ಟಾರ್. 20ರಿಂದ 50 ಜನ ಇರುವವರು, ಪಕ್ಕದಲ್ಲಿ ಒಬ್ಬ ಒಳ್ಳೆಯ ಆಡಿಟರ್ ಇದ್ದರೆ ಮಾತ್ರ ಕೊಳ್ಳಿ.