ಗೂಡುದೀಪ ಕೊಳ್ಳುವ ಮುನ್ನ: ಫ್ಲ್ಯಾಟಿನ ಬಾಲ್ಕನಿಯಲ್ಲಿ ಯಾವುದು ತಾಳುತ್ತದೆ?

ಕುದ್ರೋಳಿಯ ದಸರಾ ಮೆರವಣಿಗೆ ಮುಗಿದು ಹುಲಿವೇಷದ ತಾಸೆ ಸದ್ದು ಅಡಗುವ ಹೊತ್ತಿಗೆ ಮಂಗಳೂರಿನ ಸೆಂಟ್ರಲ್ ಮಾರ್ಕೆಟ್ ಸುತ್ತ, ರಥಬೀದಿಯಲ್ಲಿ, ಅತ್ತ ಉಡುಪಿಯ ರಥಬೀದಿಯಲ್ಲಿ ಅಂಗಡಿಗಳ ಮುಂದೆ ದೀಪಾವಳಿಯ ಗೂಡುದೀಪಗಳು, ಅಂದರೆ ಆಕಾಶಬುಟ್ಟಿಗಳು, ತೂಗತೊಡಗುತ್ತವೆ. ವಿಜಯದಶಮಿಯಿಂದ ನರಕ ಚತುರ್ದಶಿಗೆ ಇರುವುದು 18-19 ದಿನ. ಅಪಾರ್ಟ್‌ಮೆಂಟಿನ ಮಕ್ಕಳನ್ನು ಕೂರಿಸಿಕೊಂಡು ಏನಾದರೂ ಮಾಡಿಸಬೇಕೆಂದಿದ್ದರೆ ಇದೇ ಸರಿಯಾದ ಸಮಯ. ಹಬ್ಬದ ಹಿಂದಿನ ದಿನ ಪೇಟೆಗೆ ಹೋದವರಿಗೆ ಸಿಗುವುದು ಉಳಿದ ಬಣ್ಣ, ಉಳಿದ ಅಳತೆ.

ಪೇಟೆಯಲ್ಲಿ ಮುಖ್ಯವಾಗಿ ಮೂರು ಬಗೆಯವು ಸಿಗುತ್ತವೆ: ಮಡಚಿ ಬಿಚ್ಚುವ ಪ್ಲಾಸ್ಟಿಕ್ ಅಥವಾ ರಟ್ಟಿನದು, ಬಟ್ಟೆಯದು, ಬಿದಿರಿನ ಕಡ್ಡಿಗೆ ಕಾಗದ ಹಚ್ಚಿದ ಹಳೆಯ ಬಗೆಯದು. ಮೂರನ್ನೂ ಕರಾವಳಿಯ ಹವೆ ಮತ್ತು ಫ್ಲ್ಯಾಟಿನ ಬಾಲ್ಕನಿ ಎಂಬ ಎರಡು ಅಳತೆಗೋಲಿನಲ್ಲಿ ನೋಡಬೇಕು. ಅಂಗಳದ ಮನೆಯಲ್ಲಿ ಮಾಡಿನ ಕೆಳಗೆ ಸುಖವಾಗಿರುವ ಗೂಡುದೀಪ ಏಳನೇ ಮಹಡಿಯ ಗಾಳಿಗೆ ಒಂದು ರಾತ್ರಿಯೂ ನಿಲ್ಲದಿರಬಹುದು. ಅದರ ಮೇಲೆ ಅಕ್ಟೋಬರ್-ನವೆಂಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗಿ ಬರುವ ಮಳೆ. ಅದು ನೇರ ಬೀಳುವುದಿಲ್ಲ, ಗಾಳಿಯೊಂದಿಗೆ ಅಡ್ಡ ಹೊಡೆಯುತ್ತದೆ.

ಮಡಚುವ ಪ್ಲಾಸ್ಟಿಕ್ಕಿನದು ಮಳೆಗೆ ಹೆದರುವುದಿಲ್ಲ, ಐದು ನಿಮಿಷದಲ್ಲಿ ನೇತುಹಾಕಬಹುದು. ಒಳ್ಳೆಯ ಮಾತು ಇಷ್ಟೇ. ಅದರ ಜೀವ ಇರುವುದು ಅಂಚಿನ ಸಣ್ಣ ನಾಲಗೆಗಳಲ್ಲಿ. ಒಂದು ನಾಲಗೆ ಮತ್ತೊಂದರ ಸೀಳಿನೊಳಗೆ ಕೂತು ಆಕಾರ ಹಿಡಿದಿರುತ್ತದೆ. ಗಾಳಿಗೆ ಅಲ್ಲಾಡಿ ಅಲ್ಲಾಡಿ ಮೊದಲು ಹರಿಯುವುದು ಆ ನಾಲಗೆಯೇ, ಒಂದು ಬಿಟ್ಟಿತೆಂದರೆ ಇಡೀ ಗೂಡು ಸೊಟ್ಟಗಾಗುತ್ತದೆ. ಕೊಳ್ಳುವಾಗ ಅಂಗಡಿಯಲ್ಲೇ ಬಿಡಿಸಿ ಜೋಡಿಸಿ ನೋಡಿ, ನಾಲಗೆಯ ಬುಡದಲ್ಲಿ ಬಿಳಿ ಗೆರೆ ಮೂಡಿದರೆ ಬೇರೆಯದನ್ನು ಕೇಳಿ. ಮಿರುಗುವ ಪುಡಿ ಅಂಟಿಸಿದವು ಬೇಡವೇ ಬೇಡ. ಪುಡಿ ಉದುರಿ ಕೆಳಗಿನ ಮನೆಯವರ ಬಾಲ್ಕನಿ ಸೇರುತ್ತದೆ, ಪುಟ್ಟ ಮಕ್ಕಳ ಕಣ್ಣಿಗೂ ಒಳ್ಳೆಯದಲ್ಲ. ಕಡಲ ಗಾಳಿ ತಾಗುವ ಕಡೆ ಕಬ್ಬಿಣದ ಕೊಕ್ಕೆ, ಕ್ಲಿಪ್ಪುಗಳು ಬೇಗ ತುಕ್ಕು ಹಿಡಿದು ಗೋಡೆಗೆ ಕಲೆ ಇಳಿಸುತ್ತವೆ. ರಟ್ಟಿನದಂತೂ ಒಂದು ಅಡ್ಡಮಳೆಗೆ ಮುಗಿಯಿತು.

ಬಟ್ಟೆಯ ಗೂಡುದೀಪ ನೋಡಲು ಚಂದ, ಬೆಳಕು ಮೆತ್ತಗೆ ಬರುತ್ತದೆ. ಲಿಫ್ಟಿನ ಎದುರಿಗೆ, ಒಳಗಿನ ಕಾರಿಡಾರಿಗೆ ಧಾರಾಳವಾಗಿ ತನ್ನಿ. ತೆರೆದ ಬಾಲ್ಕನಿಗಾದರೆ ತೇವ ಹೀರಿ ಭಾರವಾಗುತ್ತದೆ, ಸರಿಯಾಗಿ ಒಣಗಿಸದೆ ಕಟ್ಟಿಟ್ಟರೆ ಮುಂದಿನ ವರ್ಷ ಬಿಚ್ಚುವಾಗ ಬೂಸ್ಟು ಹಿಡಿದ ಕಪ್ಪು ಚುಕ್ಕೆಗಳು. ಆ ಕಲೆ ಒಗೆದರೂ ಹೋಗದು.

ನಮ್ಮ ಮತ ಬಿದಿರಿನದಕ್ಕೆ, ಅದರಲ್ಲೂ ಕಾಗದ ಹಚ್ಚದ ಬರೀ ಗೂಡಿಗೆ. ಗೂಡನ್ನು ಕಟ್ಟಿಸಿ ತನ್ನಿ ಅಥವಾ ಸೀಳಿದ ಕಡ್ಡಿ ತಂದು ನೀವೇ ಕಟ್ಟಿ, ಕಾಗದ ಮಾತ್ರ ವರ್ಷವರ್ಷವೂ ಮಕ್ಕಳ ಕೈಯಲ್ಲಿ ಹಚ್ಚಿಸಿ. ಮಳೆಗೆ ಕಾಗದ ಹರಿದರೆ ಆ ಒಂದು ಮುಖವನ್ನಷ್ಟೇ ಬದಲಿಸಿದರಾಯಿತು. ಪ್ಲಾಸ್ಟಿಕ್ಕಿನದಕ್ಕೆ ಆ ಭಾಗ್ಯವಿಲ್ಲ, ಒಂದು ಕಡೆ ಹರಿದರೆ ಇಡಿಯಾಗಿ ಕಸ. ಹೂವಿನವರು, ಕುಂಬಾರರು ಬರುವಂತೆ ಹಬ್ಬದ ಮುಂಚೆ ಬಿದಿರಿನ ಕೆಲಸದವರೂ ಪೇಟೆಗೆ ಬರುತ್ತಾರೆ. ಕಾಗದ ಹಚ್ಚದ್ದು ಬೇಕೆಂದರೆ ವಾರ ಮುಂಚೆ ಹೇಳಿಡುವುದು ವಾಸಿ, ಏಕೆಂದರೆ ಅವರು ಮಾರಾಟಕ್ಕೆ ತರುವುದು ಹೆಚ್ಚಾಗಿ ಹಚ್ಚಿ ಮುಗಿಸಿದವನ್ನೇ.

ಕೊಳ್ಳುವಾಗ ಕಡ್ಡಿಯನ್ನು ಹತ್ತಿರದಿಂದ ನೋಡಿ. ಒಂದು ಬದಿಯಲ್ಲಿ ನುಣುಪಾದ ಹಸಿರು-ಹಳದಿ ಸಿಪ್ಪೆ ಇರಬೇಕು, ಶಕ್ತಿ ಇರುವುದು ಅಲ್ಲೇ. ಒಳಗಿನ ಬಿಳಿ ತಿರುಳು ಮಾತ್ರ ಇರುವ ಕಡ್ಡಿ ಬಾಗಿಸಿದರೆ ಟಕ್ಕೆಂದು ಮುರಿಯುತ್ತದೆ. ಹಸಿ ಬಿದಿರಾದರೆ ಒಣಗುತ್ತಾ ಸಣ್ಣಗಾಗಿ ಗಂಟುಗಳು ಸಡಿಲವಾಗುತ್ತವೆ, ಗೂಡು ಕೈಯಲ್ಲಿ ಹಿಡಿದಾಗ ಓಲಾಡುತ್ತದೆ. ಕಡ್ಡಿಯನ್ನು ಬಿಳಿ ಕಾಗದದ ಮೇಲೆ ತಟ್ಟಿ. ಹಿಟ್ಟಿನಂಥ ಪುಡಿ ಉದುರಿದರೆ ಕುಟ್ಟೆ ಹುಳ ಬಿದ್ದಿದೆ, ಅದನ್ನು ಮನೆಗೆ ತರಬೇಡಿ. ಮರದ ಕಪಾಟಿಗೂ ಹಬ್ಬೀತು.

ಆಕಾರದ ವಿಷಯದಲ್ಲಿ ಆರು ಚೌಕದ ಗೂಡಿಗಿಂತ ಸುಲಭವಾದದ್ದು, ಗಟ್ಟಿಯಾದದ್ದು ಇನ್ನೊಂದಿಲ್ಲ. 20 ಸೆಂ.ಮೀ. ಉದ್ದದ 24 ಕಡ್ಡಿ ಬೇಕು. ನಾಲ್ಕು ನಾಲ್ಕು ಕಡ್ಡಿ ಸೇರಿಸಿ ಆರು ಚೌಕ ಕಟ್ಟಿ. ಪ್ರತಿ ಚೌಕದ ಎರಡು ಕರ್ಣಗಳನ್ನೂ ಅಳೆಯಿರಿ, ಎರಡೂ ಸುಮಾರು 28 ಸೆಂ.ಮೀ. ಬರಬೇಕು. ಒಂದು 27, ಇನ್ನೊಂದು 29 ಬಂದರೆ ಚೌಕ ಓರೆಯಾಗಿದೆ, ಅಲ್ಲೇ ಸರಿಪಡಿಸಿ. ಕೊನೆಗೆ ಸರಿಮಾಡುತ್ತೇನೆಂದರೆ ಆಗದ ಮಾತು. ಆಮೇಲೆ ಒಂದು ಚೌಕವನ್ನು ನೆಲದ ಮೇಲೆ ಮಲಗಿಸಿ, ಅದರ ನಾಲ್ಕು ಮೂಲೆಗೆ ನಾಲ್ಕು ಚೌಕಗಳ ಒಂದೊಂದು ಮೂಲೆ ಕಟ್ಟಿ ಮೇಲಕ್ಕೆತ್ತಿ. ಪಕ್ಕಪಕ್ಕದ ಚೌಕಗಳ ಮೂಲೆಗಳನ್ನು ಒಂದಕ್ಕೊಂದು ಬಿಗಿದು, ಮೇಲುಳಿದ ನಾಲ್ಕು ಮೂಲೆಗೆ ಆರನೇ ಚೌಕ ಕೂರಿಸಿ. ನಡುವೆ ಎಂಟು ತ್ರಿಕೋನಗಳು ತಾವಾಗಿಯೇ ಮೂಡುತ್ತವೆ. ಅವಕ್ಕೆಂದು ಬೇರೆ ಕಡ್ಡಿ ಬೇಡ. ಚೌಕದ ಮೂಲೆಗಳು 24, ಜೋಡಿಸುವ ಮೂಲೆಗಳು 12, ಒಟ್ಟು 36 ಗಂಟು. ಗೂಡಿನ ಎತ್ತರ ಸುಮಾರು 28 ಸೆಂ.ಮೀ. ಆಗುತ್ತದೆ, ಸಾಧಾರಣ ಬಾಲ್ಕನಿಗೆ ಹೇಳಿಮಾಡಿಸಿದ ಅಳತೆ.

ಗಂಟು ಹಾಕಲು ಬಾರದ ಸಣ್ಣ ಮಕ್ಕಳಿಗೆ ಸೈಕಲ್ ಅಂಗಡಿಯ ವಾಲ್ವ್ ಟ್ಯೂಬ್ ತಂದು ಎರಡು ಸೆಂ.ಮೀ. ತುಂಡು ಮಾಡಿ ಕೊಡಿ. ತೆಳ್ಳಗಿನ ಕಡ್ಡಿಯ ತುದಿಗಳನ್ನು ಎರಡು ಕಡೆಯಿಂದ ತುರುಕಿ ಬಗ್ಗಿಸಿದರೆ ಮೂಲೆ ಸಿದ್ಧ. ಹಿಡಿಸೂಡಿ (ತೆಂಗಿನ ಗರಿಯ ಪೊರಕೆ) ಕಡ್ಡಿ ಮನೆಯಲ್ಲೇ ಇದೆಯಲ್ಲ ಎಂದು ಕೆಲವರು ಅದನ್ನೇ ಬಳಸುತ್ತಾರೆ. ಹತ್ತು ಸೆಂ.ಮೀ. ಅಳತೆಯ ಪುಟ್ಟ ಗೂಡಿಗೆ ಅದು ಸಾಕು, 20 ಸೆಂ.ಮೀ.ಗೆ ಬಾಗುತ್ತದೆ, ಕಾಗದ ಎಳೆದ ಕಡೆಗೆ ಸೊಟ್ಟಗಾಗುತ್ತದೆ.

ಕಾಗದದಲ್ಲಿ ಎರಡು ಜಾತಿ. ಗಾಳಿಪಟದ ತೆಳು ಕಾಗದ ಬೆಳಕನ್ನು ಇಡೀ ಮುಖಕ್ಕೆ ಹರಡುತ್ತದೆ, ಒಳಗಿನ ಬಲ್ಬ್ ಕಾಣುವುದಿಲ್ಲ. ಆಚೆಬದಿ ಕಾಣುವ ಗ್ಲಾಸ್ ಪೇಪರ್ ಮಿಂಚುತ್ತದೆ, ಆದರೆ ಬಲ್ಬ್, ಹೋಲ್ಡರ್, ವೈರ್ ಎಲ್ಲವೂ ಹೊರಗಿನಿಂದ ಕಾಣುತ್ತವೆ, ಮೈದಾ ಅಂಟು ಅದಕ್ಕೆ ಚೆನ್ನಾಗಿ ಹಿಡಿಯುವುದೂ ಇಲ್ಲ. ಗಾಳಿಪಟದ ಕಾಗದವೇ ಮೇಲು. ಅದರ ದೋಷ ಒಂದೇ, ಒದ್ದೆಯಾದರೆ ಬಣ್ಣ ಬಿಡುತ್ತದೆ. ಕೆಂಪು, ನೇರಳೆ ಕಾಗದದಿಂದ ತೊಟ್ಟಿಕ್ಕಿದ ನೀರು ಕೆಳಗಿನ ಮಹಡಿಯಲ್ಲಿ ಒಣಹಾಕಿದ ಬಿಳಿ ಪಂಚೆಗೆ ಬಿದ್ದರೆ ಹಬ್ಬದ ದಿನ ಜಗಳ ಖಂಡಿತ. ಬಾಲ್ಕನಿಗೆ ಮಾಡು ಇಲ್ಲದ ಮೇಲಿನ ಮಹಡಿಯವರು ಚೌಕಗಳಿಗೆ ಬಿಳಿ, ತ್ರಿಕೋನಗಳಿಗೆ ಹಳದಿ ಹಚ್ಚಿದರೆ ಆ ಭಯ ಕಡಿಮೆ. ಬೆಳಕೂ ಹೆಚ್ಚು, ಏಕೆಂದರೆ ನೀಲಿ-ಹಸಿರು ಕಾಗದ ಬೆಳಕನ್ನು ನುಂಗಿಬಿಡುತ್ತದೆ.

50×75 ಸೆಂ.ಮೀ. ಹಾಳೆಯಾದರೆ ಎರಡು ಸಾಕು. ಮೇಲಿನ, ಕೆಳಗಿನ ಚೌಕಗಳಿಗೆ ಕಾಗದ ಬೇಡ, ಗಾಳಿಯಾಡಬೇಕು. ಉಳಿದ ನಾಲ್ಕು ಚೌಕಗಳಿಗೆ ಸುತ್ತ ಒಂದು ಸೆಂ.ಮೀ. ಅಂಚು ಬಿಟ್ಟು 22×22 ಕತ್ತರಿಸಿ, ಒಂದು ಹಾಳೆಯಲ್ಲಿ ಆರು ತುಂಡು ಬರುತ್ತದೆ, ಎರಡು ತುಂಡು ರಿಪೇರಿಗೆ ಉಳಿಯಿತು. ಇನ್ನೊಂದು ಹಾಳೆಯಲ್ಲಿ ಒಂದು ನೆಟ್ಟಗೆ, ಒಂದು ತಲೆಕೆಳಗಾಗಿ ಇಟ್ಟು ಕತ್ತರಿಸಿದರೆ ಎಂಟು ತ್ರಿಕೋನಗಳೂ ಸಿಗುತ್ತವೆ. ಕೆಳಗಿನ ಬಾಲಕ್ಕೆ ಮೂರನೇ ಹಾಳೆ. ಅಂಚಿಗೆ ಬೇಗಡೆ ಪಟ್ಟಿ ಅಂಟಿಸುವುದು ಅಂದಕ್ಕಷ್ಟೇ ಅಲ್ಲ, ಕಡ್ಡಿಯ ಮೇಲೆ ಕಾಗದ ಸವೆದು ಹರಿಯುವುದನ್ನೂ ಅದು ತಡೆಯುತ್ತದೆ.

ಅಂಟಿಗೆ ಮೂರು ದೊಡ್ಡ ಚಮಚ ಮೈದಾವನ್ನು ಒಂದು ಲೋಟ ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ತಿರುಗಿಸುತ್ತಾ ಇರಿ. ನಾಲ್ಕೈದು ನಿಮಿಷದಲ್ಲಿ ಬಿಳುಪು ಹೋಗಿ ಗಂಜಿಯ ತಿಳಿಯಂತೆ ಹೊಳಪು ಬಂದಾಗ ಇಳಿಸಿ. ಬಿಸಿ ನೀರಿಗೆ ಹಿಟ್ಟು ಹಾಕಿದರೆ ಗಂಟು ಕಟ್ಟುತ್ತದೆ, ಆ ಗಂಟು ಕಾಗದ ಹರಿಯುತ್ತದೆ. ಹಿಂದೆ ಜಿರಳೆ ಬಾರದಿರಲೆಂದು ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಮಕ್ಕಳು ಕೈಹಾಕುವ ಅಂಟಿಗೆ ಬೇಡ. ಅಂಟನ್ನು ಕಾಗದಕ್ಕಲ್ಲ, ಕಡ್ಡಿಗೆ ಹಚ್ಚಿ. ಕಾಗದಕ್ಕೆ ಹಚ್ಚಿದರೆ ನೆನೆದು ಕೈಗೇ ಬರುತ್ತದೆ.

ಇದನ್ನು ಅಪಾರ್ಟ್‌ಮೆಂಟಿನ ಮಕ್ಕಳ ಕಾರ್ಯಕ್ರಮವಾಗಿ ಮಾಡುವವರು ಎರಡು ಭಾನುವಾರ ಇಟ್ಟುಕೊಳ್ಳಿ. ಮೊದಲ ವಾರ ಗೂಡು, ಎರಡನೇ ವಾರ ಕಾಗದ. ಒಂದೇ ದಿನ ಮುಗಿಸುವ ಆತುರದಲ್ಲಿ ಕೆಡುವುದು ಅಂಟು. ಈ ತೇವದ ಹವೆಯಲ್ಲಿ ಅದು ಒಣಗಲು ಒಂದು ರಾತ್ರಿ ಬೇಕು, ಅಷ್ಟರೊಳಗೆ ಮಕ್ಕಳು ಎತ್ತಿಕೊಂಡು ಮನೆಗೆ ಓಡಿದರೆ ಕಾಗದ ಜಾರುತ್ತದೆ. ಹತ್ತು ಗೂಡಿಗೆ 240 ಕಡ್ಡಿ, ಮುರಿಯುವುದಕ್ಕೆಂದು ಇನ್ನೊಂದು 25. ಕಡ್ಡಿ ಸೀಳುವುದು, ಕತ್ತಿ ಹಿಡಿಯುವುದು ದೊಡ್ಡವರೇ. ಬಿದಿರಿನ ಸಿಬಿರು ಕೈಗೆ ಚುಚ್ಚಿದರೆ ನೋವು ಬಹಳ, ಕಡ್ಡಿಗಳನ್ನು ಮೊದಲೇ ಮರಳು ಕಾಗದದಲ್ಲಿ ಉಜ್ಜಿಡಿ. ನಾಲ್ಕು ಮಕ್ಕಳಿಗೆ ಒಬ್ಬರು ದೊಡ್ಡವರು ಇದ್ದರೆ ಸುಧಾರಿಸಬಹುದು. ದೀಪಾವಳಿಯ ಹೊತ್ತಿಗೆ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ ನಡೆಯುವ ಗೂಡುದೀಪ ಸ್ಪರ್ಧೆಗೆ ಮಕ್ಕಳನ್ನು ಕರೆದೊಯ್ಯಿರಿ. ಸಾಂಪ್ರದಾಯಿಕ ವಿಭಾಗದವುಗಳ ಮೂಲೆಗಳನ್ನು ಹತ್ತಿರ ನಿಂತು ನೋಡಿದರೆ, ಬಾಯಲ್ಲಿ ಹೇಳಿ ತಿಳಿಸಲಾಗದ್ದು ಕಣ್ಣಿಗೇ ತಿಳಿಯುತ್ತದೆ.

ಇನ್ನು ಬೆಳಕು. ಹಳೆಯ 60 ವ್ಯಾಟಿನ ಬಲ್ಬನ್ನು ಕಾಗದದ ಗೂಡಿನೊಳಗೆ ಇಡಲೇಬೇಡಿ. ಕಾಗದ ಮೊದಲು ಕಂದುತ್ತದೆ, ಗಾಳಿಗೆ ಗಾಜಿಗೇ ತಾಗಿ ನಿಂತರೆ ಸುಡುತ್ತದೆ. 3ರಿಂದ 5 ವ್ಯಾಟಿನ ಎಲ್‌ಇಡಿ ಸಾಕು, ಹಳದಿ ಬೆಳಕಿನದು ಕೇಳಿ ತನ್ನಿ. ನರಕ ಚತುರ್ದಶಿಯಿಂದ ತುಳಸಿ ಪೂಜೆಯವರೆಗೆ 14 ದಿನ, ದಿನಕ್ಕೆ ಆರು ಗಂಟೆ ಉರಿಸಿದರೂ 5 ವ್ಯಾಟಿಗೆ ಅರ್ಧ ಯೂನಿಟ್ಟೂ ಆಗದು, 60 ವ್ಯಾಟಿಗೆ ಐದು ಯೂನಿಟ್. ಪೇಟೆಯಲ್ಲಿ ವೈರ್ ಸಮೇತ ಸಿಗುವ ಸೆಟ್ಟುಗಳಲ್ಲಿ ಕೂದಲೆಳೆಯಂಥ ವೈರ್ ಇರುತ್ತದೆ, ಐಎಸ್‌ಐ ಗುರುತು ಇಲ್ಲದಿದ್ದರೆ ಮುಟ್ಟಬೇಡಿ. 0.75 ಚದರ ಮಿ.ಮೀ. ಎರಡೆಳೆಯ ವೈರ್, ಒಂದು ತೂಗುವ ಹೋಲ್ಡರ್, ಒಂದು ಪ್ಲಗ್ ಬಿಡಿಬಿಡಿಯಾಗಿ ತಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ಜೋಡಿಸಿಕೊಳ್ಳಿ. ಅದು ಹತ್ತು ವರ್ಷ ಬರುವ ವಸ್ತು.

ಹೆಚ್ಚಿನವರು ತಪ್ಪುವುದು ನೇತುಹಾಕುವುದರಲ್ಲಿ. ಗೂಡಿನ ಭಾರ ವೈರಿನ ಮೇಲೆ ಬೀಳಬಾರದು. ಮೇಲಿನ ಚೌಕಕ್ಕೆ ಅಡ್ಡಲಾಗಿ ಒಂದು ದಪ್ಪ ಕಡ್ಡಿ ಕಟ್ಟಿ, ಅದಕ್ಕೆ ಹೋಲ್ಡರ್ ಬಿಗಿದು, ಗೂಡನ್ನು ಗಾಳದ ನೈಲಾನ್ ದಾರದಿಂದ ತೂಗುಹಾಕಿ. ವೈರ್ ಸಡಿಲವಾಗಿರಲಿ, ಒಳಗೆ ಬರುವ ಮುನ್ನ ಒಂದು ಗೇಣು ಕೆಳಕ್ಕೆ ಬಾಗಿ ಮತ್ತೆ ಮೇಲೇರಲಿ. ಆಗ ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿನತ್ತ ಹರಿಯುವುದಿಲ್ಲ. ಕೆಳಗಿನ ಚೌಕದಿಂದ ಎರಡು ದಾರ ಇಳಿಸಿ ಬಾಲ್ಕನಿಯ ಗ್ರಿಲ್ಲಿಗೆ ಕಟ್ಟಿದರೆ ಗಾಳಿಗೆ ತಿರುಗಿ ತಿರುಗಿ ವೈರ್ ನುಲಿಯುವುದು ತಪ್ಪುತ್ತದೆ. ಗೂಡು ಗ್ರಿಲ್ಲಿನ ಒಳಬದಿಗೇ ಇರಲಿ. ಹೊರಗೆ ತೂಗಿದ್ದು ಕಳಚಿದರೆ ಬೀಳುವುದು ಕೆಳಗೆ ಆಡುವ ಮಕ್ಕಳ ಮೇಲೆ. ಹಚ್ಚುವ ಮೊದಲ ದಿನ ಮನೆಯ ಬೋರ್ಡಿನಲ್ಲಿರುವ, ವಿದ್ಯುತ್ ಸೋರಿದರೆ ತಾನಾಗಿ ಸಂಪರ್ಕ ಕಡಿಯುವ ಆರ್‌ಸಿಸಿಬಿಯ ‘ಟಿ’ ಗುಂಡಿ ಒತ್ತಿ ನೋಡಿ, ಸ್ವಿಚ್ ತಟ್ಟನೆ ಬೀಳಬೇಕು. ಬೀಳದಿದ್ದರೆ ಅದನ್ನು ಬದಲಿಸಿದ ಮೇಲೆಯೇ ಹೊರಗೆ ವೈರ್ ಎಳೆಯುವುದು. ಗುಡುಗು ಶುರುವಾದರೆ ಪ್ಲಗ್ ಕಳಚಿಡಿ.

ತುಳಸಿ ಪೂಜೆ ಮುಗಿದ ಮೇಲೆ ಇಳಿಸಿ, ಒದ್ದೆ ಬಟ್ಟೆಯಿಂದ ಒತ್ತಿದರೆ ಮೈದಾ ಅಂಟು ಬಿಡುತ್ತದೆ, ಕಾಗದ ಪೂರ್ತಿ ಬರುತ್ತದೆ. ಅಂಟಿನ ಚೂರು ಉಳಿದರೆ ಜಿರಳೆ ಹುಡುಕಿಕೊಂಡು ಬರುತ್ತದೆ. ಬರೀ ಗೂಡನ್ನು ಎರಡು ದಿನ ಬಿಸಿಲಿಗಿಟ್ಟು ಹಳೆ ಪೇಪರಿನಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಚೀಲದಲ್ಲಿ ಬೇಡ, ಬೆವತು ಬೂಸ್ಟು ಹಿಡಿಯುತ್ತದೆ. ಹೋಲ್ಡರ್, ವೈರ್ ಮಾತ್ರ ಕಟ್ಟಿಡುವ ಅಗತ್ಯವಿಲ್ಲ. ಡಿಸೆಂಬರ್ ಬಂತೆಂದರೆ ಅದೇ ಅಂಗಡಿಗಳಲ್ಲಿ ಕ್ರಿಸ್ಮಸ್ ನಕ್ಷತ್ರಗಳು ತೂಗುತ್ತವೆ, ಪಕ್ಕದ ಮನೆಯವರಿಗೆ ಅದೇ ವೈರ್ ಸಾಕು. ಕೆಲವು ನಕ್ಷತ್ರಗಳ ಬಾಯಿ ಕಿರಿದು, 5 ವ್ಯಾಟಿನ ದಪ್ಪ ಬಲ್ಬ್ ಒಳಗೆ ಹೋಗುವುದಿಲ್ಲ. ಬಲ್ಬನ್ನೇ ಕೈಯಲ್ಲಿ ಹಿಡಿದುಕೊಂಡು ಅಂಗಡಿಗೆ ಹೋಗಲು ಹೇಳಿ.